ಅದಿರು ತರೋದು ಹೇಗೆ? ಫ್ಯಾಕ್ಟೋರಿಯೋದಲ್ಲಿ ಕಾರು, ಬೆಲ್ಟು, ರೈಲು

"ಕಿಟಕಿ ತೆಗೆದರೂ ಕೆಂಪು ಧೂಳು, ಕಂಪ್ಯೂಟರ್ ತೆಗೆದರೂ ಅದೇನಾ?" ಅಂತ ಅಮ್ಮ ಕೇಳುತ್ತಾಳೆ. ಸಂಡೂರಿನಲ್ಲಿ ಬೆಳೆದ ಹುಡುಗ ಹೋಗಿ ಹೋಗಿ ಗಣಿ ಆಟವನ್ನೇ ಹಿಡಿದು ಕೂತಿದ್ದಾನಲ್ಲ ಅನ್ನೋದು ಅವಳ ಬೇಸರ.

ಆಟದ ಹೆಸರು ಫ್ಯಾಕ್ಟೋರಿಯೋ. ಪ್ರಾಗ್ ನಗರದ ವೂಬೆ ಸಾಫ್ಟ್‌ವೇರ್‌ನವರು ಮಾಡಿದ್ದು. 2016ರಿಂದ ಸ್ಟೀಮ್ ಅನ್ನೋ ಆನ್‌ಲೈನ್ ಆಟದ ಅಂಗಡಿಯಲ್ಲಿ ಸಿಗುತ್ತಿದೆ, 2020ರ ಆಗಸ್ಟ್‌ನಲ್ಲಿ ಪೂರ್ತಿ ಆವೃತ್ತಿ ಬಂತು. ಯಾವುದೋ ಗ್ರಹದಲ್ಲಿ ಬರಿಗೈಯಲ್ಲಿ ಬೀಳುತ್ತೀರಿ. ಅದಿರು ಅಗೆದು, ಕರಗಿಸಿ, ಕಾರ್ಖಾನೆ ಕಟ್ಟಿ, ಕೊನೆಗೆ ರಾಕೆಟ್ ಹಾರಿಸಬೇಕು. 2024ರ ಸ್ಪೇಸ್ ಏಜ್ ಅನ್ನೋ ಹೆಚ್ಚುವರಿ ಭಾಗ ನನ್ನ ಹತ್ತಿರ ಇಲ್ಲ, ಹಾಗಾಗಿ ಇಲ್ಲಿ ಹೇಳೋದೆಲ್ಲ ಮೂಲ ಆಟದ ಮಾತು.

ಹೊಸಬರು ಡ್ರಿಲ್ಲು ಜಾಸ್ತಿ ಹಾಕಿದರೆ ಕಬ್ಬಿಣ ಜಾಸ್ತಿ ಬರುತ್ತೆ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅಗೆಯೋದರಲ್ಲಿ ಏನೂ ಇಲ್ಲ. ಕರೆಂಟಿನ ಡ್ರಿಲ್ಲು ಸೆಕೆಂಡಿಗೆ ಅರ್ಧ ಅದಿರು ಅಗೆಯುತ್ತೆ. ನೀವು ಕೈಯಲ್ಲಿ ಅಗೆದರೂ ಶುರುವಿನಲ್ಲಿ ಅಷ್ಟೇ ಬರುತ್ತೆ. ಕಲ್ಲಿದ್ದಲು ಉರಿಸಿ ಓಡುವ ಡ್ರಿಲ್ಲಂತೂ ಅದರಲ್ಲಿ ಅರ್ಧ. ತಲೆನೋವು ಇರೋದು ಅಗೆದದ್ದನ್ನು ಸಾಗಿಸೋದರಲ್ಲಿ. ಟಿಪ್ಪರ್ ಸಾಲುಗಳ ಹಿಂದೆ ಶಾಲೆ ಬಸ್ಸಿನಲ್ಲಿ ತಾಸುಗಟ್ಟಲೆ ಕೂತ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ನನ್ನ ಮನೆ ಹತ್ತಿರದ ಅದಿರಿನ ತಾಣ ಬರಿದಾಗುತ್ತಾ ಬಂದಿತ್ತು. ಉತ್ತರಕ್ಕೆ ಸುಮಾರು 600 ಚೌಕ ದೂರದಲ್ಲಿ ದೊಡ್ಡದೊಂದಿತ್ತು (ಆಟದ ನೆಲವನ್ನು ಅಳೆಯೋದು ಚೌಕಗಳಲ್ಲಿ). ಈ ಆಟದಲ್ಲಿ ಶುರುವಿನ ಜಾಗದಿಂದ ದೂರ ಹೋದಷ್ಟೂ ಅದಿರು ಹೆಚ್ಚು. ಅಲ್ಲಿಗೆ ಬಂದಾಗ ಸೇವ್ ಮಾಡಿ, ಆ ಫೈಲಿನ ನಾಲ್ಕು ಕಾಪಿ ಮಾಡಿಕೊಂಡೆ. ನಾಲ್ಕರಲ್ಲೂ ಗಣಿಯಲ್ಲಿ 30 ಡ್ರಿಲ್ಲು, 48 ಕಲ್ಲಿನ ಕುಲುಮೆ. ಲೆಕ್ಕ ಸುಲಭ: 30 ಡ್ರಿಲ್ಲು ಸೆಕೆಂಡಿಗೆ 15 ಅದಿರು ಕೊಡುತ್ತವೆ, ಅದಿರು ತಾನೇ ಸಾಗುವ ಹಳದಿ ಬೆಲ್ಟು ಹೊರೋದೂ ಸೆಕೆಂಡಿಗೆ 15, ಒಂದು ಕುಲುಮೆಗೆ ಒಂದು ಅದಿರಿನಿಂದ ಒಂದು ಕಬ್ಬಿಣದ ಪ್ಲೇಟು ಮಾಡಲು 3.2 ಸೆಕೆಂಡ್ ಬೇಕು, ಅಂದರೆ 15 ಅದಿರಿಗೆ 48 ಕುಲುಮೆ. ಬೇರೆ ಆಗಿದ್ದು ಸಾಗಾಟ ಮಾತ್ರ.

ಮೊದಲು ಕಾರು. ನಗಬೇಡಿ. ಈ ಆಟದ ಕಾರಿನ ಡಿಕ್ಕಿಯಲ್ಲಿ 80 ಖಾನೆ, ಒಂದೊಂದರಲ್ಲಿ 50 ಅದಿರು. ಒಟ್ಟು 4,000. ರೈಲಿನ ಒಂದು ವ್ಯಾಗನ್‌ಗೆ 40 ಖಾನೆ, ಅಂದರೆ ಕಾರಿನ ಅರ್ಧ! ನಮ್ಮ ಮಾವ ಟಿಪ್ಪರ್ ಓಡಿಸುತ್ತಿದ್ದವರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಅವರ ಗಾಡಿ ಮನೆ ಮುಂದೆ ನಿಂತಿತು. ಈ ಡಿಕ್ಕಿ ನೋಡಿ ಅವರು ಕೇಳಿದ್ದು ಒಂದೇ: "ಇಷ್ಟು ಲೋಡು ಹಾಕಿದರೆ ಆಕ್ಸಲ್ ಏನಾಗಬೇಕು ಅಳಿಯ?"

ಆಟದಲ್ಲಿ ಆಕ್ಸಲ್ ಮುರಿಯಲ್ಲ. ಮುರಿಯೋದು ಆಡುವವನ ಸೊಂಟ. 48 ಕುಲುಮೆ 4,000 ಅದಿರನ್ನು ನಾಲ್ಕೂವರೆ ನಿಮಿಷದಲ್ಲಿ ತಿಂದು ಮುಗಿಸುತ್ತವೆ. ಅಂದರೆ ನಾಲ್ಕೂವರೆ ನಿಮಿಷಕ್ಕೊಂದು ಟ್ರಿಪ್. ನಾನು ಪ್ರತಿ ಡ್ರಿಲ್ಲಿನ ಮುಂದೆ ಒಂದೊಂದು ಪೆಟ್ಟಿಗೆ ಇಟ್ಟಿದ್ದೆ, 30 ಪೆಟ್ಟಿಗೆ ಖಾಲಿ ಮಾಡೋದರಲ್ಲೇ ಹೊತ್ತು ಹೋಗುತ್ತಿತ್ತು. ನಡುವೆ ಮರಕ್ಕೆ ಗುದ್ದೋದು ಬೇರೆ. ಆರು ಟ್ರಿಪ್ ಆದ ಮೇಲೆ ಬಿಟ್ಟೆ. ಕಾರು ಈಗಲೂ ಇಟ್ಟುಕೊಂಡಿದ್ದೇನೆ, ಹೊಸ ಗಣಿಗೆ ಡ್ರಿಲ್ಲು, ಕಂಬ, ಹಳಿ ಒಯ್ಯೋಕೆ. ಅದಕ್ಕೆ ಅದನ್ನು ಮೀರಿಸಿದ್ದು ಇಲ್ಲ.

ಬೆಲ್ಟಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹಾಸಿದರೆ ಮುಗಿಯಿತು, ಆಮೇಲೆ ಕೆಲಸವೇ ಇಲ್ಲ. ಒಂದು ಚೌಕ ಹಳದಿ ಬೆಲ್ಟಿಗೆ ಒಂದೂವರೆ ಕಬ್ಬಿಣದ ಪ್ಲೇಟು, 600 ಚೌಕಕ್ಕೆ 900. ಮೊದಲ ಅದಿರು ಕುಲುಮೆ ಮುಟ್ಟಲು 5 ನಿಮಿಷ 20 ಸೆಕೆಂಡ್. ಚೌಕಕ್ಕೆ 8ರಂತೆ 4,800 ಅದಿರು ಯಾವಾಗಲೂ ದಾರಿಯಲ್ಲೇ ಇರುತ್ತೆ, ಆದರೆ ಅದು ನಷ್ಟವೇನಲ್ಲ. ಬೇಜಾರು ಇರೋದು ಬೇರೆ ಕಡೆ. 15ಕ್ಕಿಂತ ಜಾಸ್ತಿ ಬೇಕೆಂದರೆ ಇನ್ನೊಂದು ಸಾಲು ಹಾಸಬೇಕು, ಇಲ್ಲವೇ 30 ಹೊರುವ ಕೆಂಪು ಬೆಲ್ಟು ಮಾಡಬೇಕು. ಪಕ್ಕದ ತಾಮ್ರಕ್ಕೆ ಮತ್ತೆ 600. ಒಂದು ಸಲ ದಾಳಿಗೆ ಬಂದ ಆ ಗ್ರಹದ ಹುಳುಗಳ ಗುಂಪು ದಾರಿಯಲ್ಲಿದ್ದ ನಾಲ್ಕು ಚೌಕ ಕಡಿದು ಹಾಕಿತ್ತು. ಎಲ್ಲಿ ತುಂಡಾಗಿದೆ ಅಂತ ಹುಡುಕೋಕೆ ಅರ್ಧ ದಾರಿ ಓಡಿದೆ.

ಇನ್ನು ರೈಲು. ರೈಲು ದುಬಾರಿ ಅಂತ ನಾನು ತಿಂಗಳುಗಟ್ಟಲೆ ಅದರ ಹತ್ತಿರ ಹೋಗಿರಲಿಲ್ಲ. ಲೆಕ್ಕ ಹಾಕಿ ನೋಡಿ ನನಗೇ ನಾಚಿಕೆಯಾಯಿತು. ಒಂದು ಕಲ್ಲು, ಒಂದು ಉಕ್ಕು, ಒಂದು ಕಬ್ಬಿಣದ ಕಡ್ಡಿಗೆ ಎರಡು ಹಳಿ ಸಿಗುತ್ತವೆ. ಒಂದು ಹಳಿ ಎರಡು ಚೌಕ ಉದ್ದ. 600 ಚೌಕಕ್ಕೆ 300 ಹಳಿ, 150 ಉಕ್ಕು. ಒಂದು ಉಕ್ಕಿಗೆ 5 ಪ್ಲೇಟು. ಎಲ್ಲ ಕೂಡಿದರೆ 825 ಪ್ಲೇಟು, ಬೆಲ್ಟಿಗಿಂತ ಕಡಿಮೆ! ಎಂಜಿನ್ನಿಗೆ ತಲಾ ಸುಮಾರು 350, ವ್ಯಾಗನ್ನಿಗೆ 140. ತಿರುಗಿಸೋಕೆ ಸುತ್ತು ಹಳಿ ಹಾಕುವ ಗೋಜು ಬೇಡ ಅಂತ ಎರಡೂ ತುದಿಗೆ ಎಂಜಿನ್ ಇಟ್ಟೆ, ನಡುವೆ ಎರಡು ವ್ಯಾಗನ್. ಒಟ್ಟು 1,800 ಪ್ಲೇಟಿನ ಆಸುಪಾಸು. ಮೊದಲ ಗಣಿಗೆ ಬೆಲ್ಟಿನ ಎರಡು ಪಟ್ಟು ಖರ್ಚು, ನಿಜ. ಎರಡನೇ ಗಣಿಗೆ ಅದೇ ಹಳಿಯಿಂದ ಒಂದು ಕವಲು ಸಾಕು.

ಆದರೆ ನನ್ನ ಮೊದಲ ರೈಲು ಬೆಲ್ಟಿಗಿಂತ ಕಡಿಮೆ ಅದಿರು ತಂದಿತು. ಅರ್ಧ ನಿಮಿಷದೊಳಗೆ 600 ಚೌಕ ಓಡುವ ರೈಲು! ಏನು ತಪ್ಪು ಅಂತ ಎರಡು ಸಂಜೆ ತಲೆ ಕೆರೆದುಕೊಂಡೆ. ಹಳಿ ಬದಲಿಸಿದೆ, ಎಂಜಿನ್ ಸೇರಿಸಿದೆ. ಏನೂ ಆಗಲಿಲ್ಲ.

ಒಗ್ಗರಣೆ ಮಂಡಕ್ಕಿ ತಟ್ಟೆ ಹಿಡಿದುಕೊಂಡು ಹಿಂದೆ ನಿಂತಿದ್ದ ಮಾವ ನೋಡಿ ಹೇಳಿದರು: "ಗಾಡಿ ಓಡ್ತಾನೇ ಇಲ್ವಲ್ಲೋ. ನಿಂತೇ ಇದೆ. ಲೋಡಿಂಗ್ ಹತ್ತಿರ ನೋಡು."

ಅವರ ಮಾತು ಸರಿ. ಪೆಟ್ಟಿಗೆಯಿಂದ ವ್ಯಾಗನ್ನಿಗೆ ಅದಿರು ಎತ್ತಿ ಹಾಕೋದು ಇನ್ಸರ್ಟರ್ ಅನ್ನೋ ಪುಟ್ಟ ಕೈ. ಹಳದಿ ಇನ್ಸರ್ಟರ್ ಸೆಕೆಂಡಿಗೆ 0.83 ಎತ್ತುತ್ತೆ. ವ್ಯಾಗನ್ನಿನ ಒಂದು ಪಕ್ಕಕ್ಕೆ ಆರು ಹಿಡಿಯುತ್ತವೆ. ನಾನು ಒಂದೇ ಪಕ್ಕ ಹಾಕಿದ್ದೆ. ಸೆಕೆಂಡಿಗೆ 5. 2,000 ತುಂಬಲು 6 ನಿಮಿಷ 40 ಸೆಕೆಂಡ್! ಇಳಿಸೋಕೆ ಮತ್ತೆ ಅಷ್ಟೇ. ರೈಲು ಇಡೀ ದಿನ ಲೋಡಿಂಗಿನ ಪಕ್ಕದ ಹಳಿಯಲ್ಲಿ, ಅಂದರೆ ಸೈಡಿಂಗ್‌ನಲ್ಲಿ, ನಿಂತಿದ್ದರೆ ನಾನು ಎಂಜಿನ್ನಿಗೆ ಬೈಯುತ್ತಿದ್ದೆ. ಎರಡೂ ಪಕ್ಕಕ್ಕೆ ಆರಾರು, ಅದೂ 2.31 ಎತ್ತುವ ನೀಲಿ ಇನ್ಸರ್ಟರ್ ಹಾಕಿದ ಮೇಲೆ ವ್ಯಾಗನ್ 72 ಸೆಕೆಂಡಿನಲ್ಲಿ ತುಂಬಿತು. ಹೋಗಿ ಬಂದು, ತುಂಬಿ ಇಳಿಸಿ, ಎಲ್ಲ ಸೇರಿ ಮೂರೂವರೆ ನಿಮಿಷದೊಳಗೆ 4,000. ಸೆಕೆಂಡಿಗೆ 19ಕ್ಕೂ ಜಾಸ್ತಿ ಸಾಗಿಸುವ ತಾಕತ್ತು. ಆಗ ಬೆಲ್ಟು ಹಿಂದೆ ಬಿತ್ತು.

ನಾಲ್ಕನೇ ಕಾಪಿಯಲ್ಲಿ ಕುಲುಮೆಗಳನ್ನೇ ಗಣಿ ಪಕ್ಕಕ್ಕೆ ಒಯ್ದೆ. ಅದಿರು ಖಾನೆಗೆ 50, ಪ್ಲೇಟು 100. ಅದೇ ರೈಲು ಒಂದು ಸಲಕ್ಕೆ 8,000 ಪ್ಲೇಟು ತರುತ್ತೆ. ಉಕ್ಕು ಮಾಡಿ ತಂದರಂತೂ ಕೇಳಲೇಬೇಡಿ: ಒಂದು ವ್ಯಾಗನ್ ಉಕ್ಕು ಅಂದರೆ 4,000, ಅಂದರೆ 20,000 ಅದಿರು, ಅಂದರೆ ಹತ್ತು ವ್ಯಾಗನ್. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನಮ್ಮ ಗುಡ್ಡದ ಬುಡದಲ್ಲೇ ಯಾಕಿದೆ ಅಂತ ಪಾಠದಲ್ಲಿ ಓದಿದ್ದಕ್ಕಿಂತ ಇಲ್ಲಿ ಚೆನ್ನಾಗಿ ಗೊತ್ತಾಯಿತು.

ಅದರ ಇನ್ನೊಂದು ಮುಖವೂ ಗೊತ್ತಾಯಿತು. ಕುಲುಮೆಗೆ ಕಲ್ಲಿದ್ದಲು ಬೇಕಲ್ವಾ? 48 ಕುಲುಮೆಗೆ ನಿಮಿಷಕ್ಕೆ ಸುಮಾರು 65. ನನ್ನ ಗಣಿ ಹತ್ತಿರ ಕಲ್ಲಿದ್ದಲು ಇರಲಿಲ್ಲ, ಬಳ್ಳಾರಿಯ ಹಾಗೇ. ಅದಕ್ಕೊಂದು ಬೇರೆ ವ್ಯಾಗನ್, ಅದು ಅರ್ಧ ಗಂಟೆಗೆ ಖಾಲಿ. ಒಂದು ಸಲ ಕಲ್ಲಿದ್ದಲು ತಡವಾಗಿ ಎಲ್ಲ 48 ಆರಿ ಕೂತವು. ಹಾಗಾಗಿ ಪ್ಲೇಟಿಗೋಸ್ಕರ ಈ ದಾರಿ ನನಗೆ ಬೇಡ. ಉಕ್ಕು ಲೆಕ್ಕವಿಲ್ಲದಷ್ಟು ಬೇಕಾದಾಗ ಮಾತ್ರ ಸರಿ.

ಧೂಳಿನ ವಿಷಯ ಬಿಟ್ಟರೆ ಸಂಡೂರಿನವನು ಹೇಗಾದೇನು? ಆಟದಲ್ಲೂ ಗಣಿ ಹೊಗೆ ಧೂಳು ಹರಡುತ್ತೆ, ಮರಗಳು ಸ್ವಲ್ಪ ಹೀರಿಕೊಳ್ಳುತ್ತವೆ, ಉಳಿದದ್ದು ಹುಳುಗಳ ಗೂಡು ಮುಟ್ಟಿದರೆ ಅವು ಎದ್ದು ಬರುತ್ತವೆ. ಕುಲುಮೆಯೇ ದೊಡ್ಡ ಪಾಪಿ ಅಂತ ನನ್ನ ಎಣಿಕೆ ಇತ್ತು. ಅಲ್ಲ. 48 ಕುಲುಮೆ ನಿಮಿಷಕ್ಕೆ 96 ಅಂಕ ಮಾಲಿನ್ಯ ಬಿಟ್ಟರೆ 30 ಡ್ರಿಲ್ಲು 300 ಬಿಡುತ್ತವೆ. ಒಂದೊಂದು ಡ್ರಿಲ್ಲಿಗೆ ಎಫಿಶಿಯೆನ್ಸಿ ಮಾಡ್ಯೂಲ್ ಅನ್ನೋ ಬಿಡಿಭಾಗ ಮೂರು ಹಾಕಿದರೆ ಕರೆಂಟೂ ಮಾಲಿನ್ಯವೂ ಐದನೇ ಒಂದು ಪಾಲಿಗೆ ಇಳಿಯುತ್ತವೆ. 300 ಇದ್ದದ್ದು 60. ಅಗೆಯುವ ವೇಗ ಒಂದಿಷ್ಟೂ ಕಡಿಮೆಯಾಗಲ್ಲ. 90 ಮಾಡ್ಯೂಲ್ ಮಾಡೋಕೆ ಹಸಿರು, ಕೆಂಪು ಸರ್ಕಿಟ್ಟು ತಲಾ 450 ಬೇಕು, ಆ ಹೊತ್ತಿಗೆ ಅದು ಸಣ್ಣ ಮೊತ್ತವಲ್ಲ. ಆದರೂ ಗೋಡೆ, ಫಿರಂಗಿ, ಮದ್ದುಗುಂಡಿಗೆ ಸಾಮಾನು ಸುರಿಯೋದಕ್ಕಿಂತ ಮೊದಲು ಇದನ್ನೇ ಮಾಡಿ ಅನ್ನುತ್ತೇನೆ. ಹಾಕಿದ ಮೇಲೆ ನನ್ನ ಉತ್ತರದ ಗಣಿಗೆ ದಾಳಿ ಹೆಚ್ಚುಕಡಿಮೆ ನಿಂತೇ ಹೋಯಿತು. ವರ್ಷಕ್ಕೆ ಇಷ್ಟೇ ಟನ್ ಅಂತ ಮಿತಿ ಹಾಕೋಕೆ ಅಲ್ಲಿ ಕೋರ್ಟ್ ಇಲ್ಲ, ಹುಳುಗಳಿವೆ.

ಕೊನೆಗೆ ನಾನು ಉಳಿಸಿಕೊಂಡದ್ದು ಮೂರನೇ ಕಾಪಿ, ಅದಿರು ತರುವ ರೈಲು. ಗಣಿ 300 ಚೌಕದೊಳಗೆ ಇದ್ದು, ಅದೊಂದೇ ಸಾಕು ಅನ್ನುವವರು ಬೆಲ್ಟು ಹಾಸಿ ಸುಮ್ನೆ ಕೂತುಕೊಳ್ಳಿ, ರೈಲಿನ ರಗಳೆ ಬೇಡ. ದುಡ್ಡು ಕೊಡುವ ಮೊದಲು ನೋಡಬೇಕೆಂದರೆ ಉಚಿತ ಡೆಮೊ ಇದೆ.

ನಾನು ಈಗ ತಾಮ್ರದ ಗಣಿಗೆ ಕವಲು ಹಳಿ ಹಾಕುತ್ತಿದ್ದೇನೆ. ಅಮ್ಮ ಊಟಕ್ಕೆ ಕರೆದು ಅರ್ಧ ಗಂಟೆಯಾಯಿತು. ಮಾವ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದಾರೆ. ಸೈಡಿಂಗ್ ಒಂದಲ್ಲ, ಎರಡು ಹಾಕು ಅಂತ ಅವರ ಹಟ.