ಮನೆಯೊಳಗಿನ ಹೈಡ್ರೋಪೋನಿಕ್ ಪೆಟ್ಟಿಗೆ: ಸೊಪ್ಪಿಗೆ, ಸಸಿಗೆ ಒಳ್ಳೆಯದು, ಕಾಯಿಗೆ ಸಾಲದು

ಗಿಡ ಕೂರಿಸಲು ಹನ್ನೆರಡು ಗುಂಡಿಗಳಿರುವ ಮುಚ್ಚಳ, ಅದರ ಕೆಳಗೆ ನಾಲ್ಕೂವರೆ ಲೀಟರ್ ನೀರು ಹಿಡಿಯುವ ತೊಟ್ಟಿ, ಆ ನೀರನ್ನು ಆಗಾಗ ತಿರುಗಿಸುವ ಪುಟ್ಟ ಪಂಪು, ಮೇಲೆ ಏರಿಸಿ ಇಳಿಸಬಹುದಾದ ಕಂಬಕ್ಕೆ ಸಿಕ್ಕಿಸಿದ 24 ವ್ಯಾಟ್‌ನ ಎಲ್‌ಇಡಿ ದೀಪ: ಬೆಂಗಳೂರಿನ ಫ್ಲ್ಯಾಟುಗಳ ಅಡುಗೆಕಟ್ಟೆಯ ಮೇಲೆ ಈಗ ಕಾಣಸಿಗುವ, ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವ ಹೈಡ್ರೋಪೋನಿಕ್ ಪೆಟ್ಟಿಗೆ ಹೆಚ್ಚುಕಡಿಮೆ ಇಷ್ಟೇ. ಒಂದೇ ಅಚ್ಚಿನ ಈ ಪೆಟ್ಟಿಗೆ ಆನ್‌ಲೈನ್ ಅಂಗಡಿಗಳಲ್ಲಿ ಹಲವು ಹೆಸರುಗಳಲ್ಲಿ ಮಾರಾಟವಾಗುವುದರಿಂದ ಇಲ್ಲಿ ಹೇಳುವ ಗುಣದೋಷಗಳನ್ನು ಈ ಮಾದರಿಗೇ ಅನ್ವಯಿಸಿ ಓದಿಕೊಳ್ಳಬೇಕೆಂದು ಕೋರುತ್ತೇನೆ. ನಾನು ಕೊಟ್ಟ ಬೆಲೆ 6,000 ರೂಪಾಯಿಯ ಆಸುಪಾಸು. ನಮ್ಮ ಬಾಲ್ಕನಿ ಉತ್ತರಕ್ಕಿದ್ದು, ವರ್ಷದ ಹೆಚ್ಚಿನ ಕಾಲ ಅಲ್ಲಿಗೆ ನೇರ ಬಿಸಿಲು ಬೀಳುವುದಿಲ್ಲ. ಹೀಗಾಗಿ ಮನೆಯೊಳಗೆ ದೀಪದ ಬೆಳಕಿನಲ್ಲಿ ಬೀಜದಿಂದಲೇ ತರಕಾರಿ ಬೆಳೆಯಬಹುದೆಂಬ ಮಾತು ನನಗೆ ಬಹಳ ಮುಖ್ಯವಾಗಿತ್ತು. ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಬಳಸಿ ನೋಡಿದ ಮೇಲೆ ಆ ಮಾತು ಸೊಪ್ಪಿನ ಮಟ್ಟಿಗೆ ನಿಜ, ಸಸಿಯ ಮಟ್ಟಿಗೆ ನಿರೀಕ್ಷೆಗಿಂತಲೂ ನಿಜ, ಕಾಯಿಪಲ್ಯದ ಮಟ್ಟಿಗೆ ಸುಳ್ಳು ಎಂದು ನಾನು ಹೇಳಬಲ್ಲೆ.

ಮೊದಲು ಬೀಜದ ಮಾತು. ಪೆಟ್ಟಿಗೆಯ ಜೊತೆ ಬಂದ ಪೊಟ್ಟಣಗಳ ಮೇಲೆ ಬೇಸಿಲ್, ಥೈಮ್, ಪಾರ್ಸ್ಲಿ, ಲೆಟ್ಯೂಸ್, ಚೆರ್ರಿ ಟೊಮೆಟೊ ಎಂದಷ್ಟೇ ಬರೆದಿತ್ತು. ತಳಿ ಯಾವುದು, ನೂರಕ್ಕೆ ಎಷ್ಟು ಮೊಳೆಯುತ್ತವೆ, ಯಾವ ತಿಂಗಳಿನವರೆಗೆ ಬಿತ್ತಬಹುದು ಎಂಬ ವಿವರ ಒಂದೂ ಇರಲಿಲ್ಲ. ಇದನ್ನು ಸಣ್ಣ ಲೋಪವೆಂದು ಬಿಡಲಾಗದು, ಏಕೆಂದರೆ ಮೊಳಕೆ ಬಾರದಿದ್ದಾಗ ದೋಷ ಬೀಜದ್ದೋ, ನೀರಿನದ್ದೋ, ಶಾಖದ್ದೋ ಎಂದು ತಿಳಿಯುವ ದಾರಿಯೇ ಹೊಸಬರಿಗೆ ಉಳಿಯುವುದಿಲ್ಲ. ನಮ್ಮ ಅಡುಗೆಗೆ ಬೇಕಾದ ಬೀಜವನ್ನು ನಾವೇ ತರುವುದು ಮೇಲು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳು ನಮ್ಮ ಊರಿನವೇ. ದಂಟಿನಲ್ಲಿ ಅರ್ಕಾ ಸುಗುಣ, ಕೊತ್ತಂಬರಿಯಲ್ಲಿ ಅರ್ಕಾ ಇಶಾ ಎರಡೂ ಒಮ್ಮೆ ಕೊಯ್ದ ಮೇಲೆ ಮತ್ತೆ ಚಿಗುರುವ ತಳಿಗಳಾದ್ದರಿಂದ, ಹನ್ನೆರಡೇ ಗುಂಡಿಗಳಿರುವ ಪೆಟ್ಟಿಗೆಗೆ ಹೇಳಿಮಾಡಿಸಿದಂತಿವೆ. ಮೆಂತ್ಯಕ್ಕಂತೂ ಅಡುಗೆಮನೆಯ ಡಬ್ಬಿಯಲ್ಲಿರುವ ಕಾಳೇ ಸಾಕು.

ಮೆಂತ್ಯವನ್ನು ಒಂದು ರಾತ್ರಿ ನೆನೆಸಿ, ಗುಂಡಿಯಲ್ಲಿ ಕೂರಿಸುವ ಸ್ಪಂಜಿನ ಸೀಳಿನಲ್ಲಿ ಐದಾರು ಕಾಳು ಇಟ್ಟರೆ ಮೂರನೆಯ ದಿನಕ್ಕೆ ಬೀಜದೆಲೆ ತಲೆಯೆತ್ತುತ್ತದೆ. ಕೊತ್ತಂಬರಿ ನಿಧಾನ: ಅದರ ಒಂದು ಗುಂಡು ಕಾಳಿನೊಳಗೆ ಎರಡು ಬೀಜಗಳಿರುವುದರಿಂದ ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಹೋಳು ಮಾಡಿ ನೆನೆಸಬೇಕು, ಆಮೇಲೂ ಎಂಟು ಹತ್ತು ದಿನ ಕಾಯಬೇಕು. ನಾವು ಪಾಲಕ್ ಎಂದು ಕರೆಯುವುದು ಬೀಟ್‌ರೂಟಿನ ಬಳಗದ ಗಿಡವಾದ್ದರಿಂದ ಅದರ ಗಂಟು ಗಂಟಾದ ಒಂದೊಂದು ಬೀಜದಿಂದಲೂ ಎರಡು ಮೂರು ಸಸಿ ಏಳುತ್ತವೆ. ಬಲವಾದ ಒಂದನ್ನು ಬಿಟ್ಟು ಉಳಿದವನ್ನು ಕೀಳುವ ಬದಲು ಕತ್ತರಿಯಿಂದ ಕತ್ತರಿಸಿದರೆ ಉಳಿದ ಸಸಿಯ ಬೇರು ಅಲುಗುವುದಿಲ್ಲ. ದಂಟಿನ ಬೀಜ ತೀರಾ ಸಣ್ಣದು. ಒದ್ದೆ ಮಾಡಿದ ಹಲ್ಲುಕಡ್ಡಿಯ ತುದಿಗೆ ಅಂಟಿಸಿಕೊಂಡು ಸ್ಪಂಜಿನ ಮೇಲ್ಭಾಗದಲ್ಲೇ ಬಿಡಬೇಕು, ಆಳಕ್ಕೆ ತಳ್ಳಿದರೆ ಮೇಲೆ ಬರುವ ಶಕ್ತಿ ಅದಕ್ಕಿರುವುದಿಲ್ಲ. ಲೆಟ್ಯೂಸ್ ಬೇಕೆನ್ನುವವರು ಮಾರ್ಚಿನಿಂದ ಮೇ ತನಕ ಎಚ್ಚರದಿಂದಿರಬೇಕು: ಶಾಖ 30 ಡಿಗ್ರಿಯ ಹತ್ತಿರ ಹೋದರೆ ಅದರ ಬೀಜ ಮೊಳೆಯದೆ ನಿದ್ರೆಗೆ ಜಾರುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ದಿನ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು ಬಿತ್ತಿದರೆ ಫಲ ಸಿಗುತ್ತದೆ.

ಬೀಜದೆಲೆಗಳ ನಡುವಿನಿಂದ ನಿಜವಾದ ಎಲೆ ಮೂಡುವ ತನಕ ಬರಿಯ ನೀರು ಸಾಕು, ಗೊಬ್ಬರ ಬೇಡ. ಆಮೇಲೆ ಎ ಮತ್ತು ಬಿ ಎಂಬ ಎರಡು ಬಾಟಲಿಗಳ ಪೋಷಕಾಂಶವನ್ನು ಹೇಳಿದ್ದರ ಅರ್ಧ ಪ್ರಮಾಣದಲ್ಲಿ ಹಾಕಿ, ವಾರ ಕಳೆದು ಪೂರ್ಣ ಪ್ರಮಾಣಕ್ಕೆ ಏರಿಸಬೇಕು. ಎರಡನ್ನೂ ಒಂದೇ ಲೋಟದಲ್ಲಿ ಬೆರೆಸಿ ಸುರಿಯಕೂಡದು; ಒಂದರಲ್ಲಿರುವ ಕ್ಯಾಲ್ಸಿಯಂ ಇನ್ನೊಂದರಲ್ಲಿರುವ ಸಲ್ಫೇಟ್ ಮತ್ತು ಫಾಸ್ಫೇಟ್‌ಗಳೊಡನೆ ಸೇರಿ ಬಿಳಿಯ ಗಸಿಯಾಗಿ ತಳಕ್ಕಿಳಿಯುತ್ತದೆ, ಗಿಡಕ್ಕೆ ದಕ್ಕುವುದಿಲ್ಲ. ಕೈಪಿಡಿಯಲ್ಲಿ ಈ ಎಚ್ಚರಿಕೆ ಇದೆ, ಆದರೆ ಕಾರಣವನ್ನು ಹೇಳಿಲ್ಲ.

ಕೈಪಿಡಿ ತೀರಾ ಸೋಲುವುದು ನೀರಿನ ವಿಷಯದಲ್ಲಿ. ನಲ್ಲಿ ನೀರು ತುಂಬಿಸಿ ಎಂಬ ಒಂದೇ ಸಾಲು ಅದರಲ್ಲಿದೆ. ಬೆಂಗಳೂರಿನಲ್ಲಿ ಒಂದು ಮನೆಗೆ ಜಲಮಂಡಳಿಯ ಕಾವೇರಿ ನೀರು, ಪಕ್ಕದ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರು, ಅದರಾಚೆಯ ಮನೆಗೆ ಟ್ಯಾಂಕರ್ ನೀರು ಬರುತ್ತಿರುವಾಗ ಈ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ನಮ್ಮ ಸಂಪಿನಲ್ಲಿ ಇವು ಬೆರೆಯುತ್ತವೆ. ಕಾವೇರಿ ನೀರು ಧಾರಾಳವಾಗಿದ್ದಾಗ ಸೊಪ್ಪು ತಾನಾಗಿಯೇ ಬೆಳೆಯಿತು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹೆಚ್ಚಿದಾಗ ಮೆಂತ್ಯದ ಹೊಸ ಎಲೆಗಳಲ್ಲಿ ನರಗಳು ಮಾತ್ರ ಹಸಿರಾಗಿ ಉಳಿದು ನಡುವಿನ ಭಾಗವೆಲ್ಲ ತಿಳಿಹಳದಿಗೆ ತಿರುಗಿತು, ಆದರೆ ಕೆಳಗಿನ ಹಳೆಯ ಎಲೆಗಳ ಬಣ್ಣ ಕೆಟ್ಟಿರಲಿಲ್ಲ. ಹಳದಿ ಬಣ್ಣ ಹಳೆಯ ಎಲೆಯಿಂದ ಶುರುವಾದರೆ ಸಾಮಾನ್ಯವಾಗಿ ಅದು ಸಾರಜನಕದ ಕೊರತೆ. ಹೀಗೆ ಎಳೆಯ ಎಲೆಯಿಂದ ಶುರುವಾದರೆ ಕಬ್ಬಿಣದ ಕೊರತೆ. ತೊಟ್ಟಿಯಲ್ಲಿ ಕಬ್ಬಿಣವೇನೋ ಇತ್ತು, ಆದರೆ ಗಡಸು ನೀರಿನಲ್ಲಿರುವ ಬೈಕಾರ್ಬನೇಟ್‌ನಿಂದಾಗಿ ನೀರಿನ ಆಮ್ಲ-ಕ್ಷಾರ ಗುಣದ ಅಳತೆಯಾದ ಪಿಎಚ್ 7ನ್ನು ದಾಟಿತ್ತು, ಆ ಮಟ್ಟದಲ್ಲಿ ಬೇರಿಗೆ ಕಬ್ಬಿಣವನ್ನು ಹೀರಿಕೊಳ್ಳುವುದು ಕಷ್ಟ. ಪಿಎಚ್ 5.5ರಿಂದ 6.5ರೊಳಗೆ ಇರಬೇಕು. ಪಿಎಚ್ ಇಳಿಸುವ ದ್ರಾವಣವನ್ನು ಹನಿಹನಿಯಾಗಿ ಹಾಕಿ ಸರಿಪಡಿಸಿದ ಮೇಲೆ ಬಂದ ಎಲೆಗಳು ಹಸಿರಾಗಿಯೇ ಬಂದವು. ಆದ್ದರಿಂದ ಪೆಟ್ಟಿಗೆಯ ಜೊತೆಗೇ ಒಂದು ಪಿಎಚ್ ಪರೀಕ್ಷಾ ಕಿಟ್ ಮತ್ತು ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯುವ ಒಂದು ಟಿಡಿಎಸ್ ಮೀಟರ್ ಕೊಳ್ಳಲೇಬೇಕೆಂಬುದು ನನ್ನ ದೃಢವಾದ ಸಲಹೆ. ಬೋರ್‌ವೆಲ್ ನೀರೊಂದೇ ಇರುವವರು ಆರ್‌ಓ ನೀರನ್ನು ಬಳಸಬಹುದು, ಅದರಲ್ಲಿ ಇಲ್ಲದ ಕ್ಯಾಲ್ಸಿಯಂ ಎ ಬಾಟಲಿಯಿಂದ ಸಿಗುತ್ತದೆ. ಮನೆಗೆ ಮಳೆಕೊಯ್ಲು ಇದ್ದರೆ ಶೋಧಿಸಿದ ಮಳೆನೀರಿಗಿಂತ ಒಳ್ಳೆಯದು ಬೇರೆ ಇಲ್ಲ.

ದೀಪದ ಬಗ್ಗೆ ದೂರು ಕಡಿಮೆ. ದಿನಕ್ಕೆ 16 ಗಂಟೆ ಉರಿದು 8 ಗಂಟೆ ಆರುವ ವ್ಯವಸ್ಥೆ ಸೊಪ್ಪಿಗೆ ಸರಿಯಾಗಿದೆ. ತಿಂಗಳಿಗೆ ಸುಮಾರು ಹನ್ನೊಂದೂವರೆ ಯೂನಿಟ್ ಖರ್ಚಾಗುತ್ತದೆ. ಗೃಹಜ್ಯೋತಿಯಲ್ಲಿ ತಮ್ಮ ಮಿತಿಯ ಅಂಚಿನಲ್ಲೇ ಇರುವ ಮನೆಯವರು, ಅದರಲ್ಲೂ 200 ಯೂನಿಟ್‌ಗೆ ಹತ್ತಿರವಿರುವವರು, ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲಿರುವ ನಿಜವಾದ ದೋಷವೆಂದರೆ ಟೈಮರಿಗೆ ನೆನಪಿಲ್ಲದಿರುವುದು. ಕರೆಂಟು ಹೋಗಿ ಬಂದ ಕ್ಷಣದಿಂದ ಅದು ಹೊಸದಾಗಿ 16 ಗಂಟೆ ಎಣಿಸುತ್ತದೆ. ಮಳೆಗಾಲದ ಸಂಜೆ ಏಳಕ್ಕೆ ಕರೆಂಟು ಬಂದರೆ ದೀಪ ರಾತ್ರಿಯಿಡೀ ಉರಿದು ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಆರುತ್ತದೆ, ನಡುಮನೆಯಲ್ಲಿ ಮಲಗುವವರಿಗೆ ನಿದ್ದೆಯಿಲ್ಲ. ಒಂದು ಸಣ್ಣ ಬ್ಯಾಟರಿಯಿಂದ ನಿವಾರಿಸಬಹುದಾದ ಈ ತೊಂದರೆಯನ್ನು ತಯಾರಕರು ಹಾಗೆಯೇ ಬಿಟ್ಟಿರುವುದು ಬೇಸರದ ಸಂಗತಿ. ಯುಪಿಎಸ್ ಇರುವ ಮನೆಯಲ್ಲಿ ಈ ಸಮಸ್ಯೆ ಇಲ್ಲ.

ಏಪ್ರಿಲ್ ತಿಂಗಳು ಈ ಪೆಟ್ಟಿಗೆಗೆ ಕಠಿಣ ಪರೀಕ್ಷೆ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಬೇರು ಕೊಳೆಯುವ ರೋಗಕ್ಕೆ ಅದೇ ದಾರಿ. ಮುಚ್ಚಳ ಎತ್ತಿದಾಗ ಬೇರು ಬಿಳಿಯಾಗಿದ್ದು ವಾಸನೆಯಿಲ್ಲದಿದ್ದರೆ ಯೋಚನೆಯಿಲ್ಲ. ಕಂದುಬಣ್ಣಕ್ಕೆ ತಿರುಗಿ ಬೆರಳಿಗೆ ಲೋಳೆ ಹತ್ತಿದರೆ ಆ ಗಿಡವನ್ನು ತೆಗೆದು, ತೊಟ್ಟಿಯನ್ನು ತೊಳೆದು ನೀರು ಬದಲಿಸಬೇಕು. ಬಿಸಿಲು ಬೀಳದ ಗೋಡೆಯ ಬದಿಗಿಡುವುದು, ಖಾಲಿ ಗುಂಡಿಗಳಿಗೆ ಮುಚ್ಚಳ ಹಾಕಿ ಪಾಚಿ ತಡೆಯುವುದು, ವಾರ ಹತ್ತು ದಿನಕ್ಕೊಮ್ಮೆ ಹೊಸ ನೀರು ತುಂಬುವುದು, ಇಷ್ಟು ಮಾಡಿದರೆ ಬೆಂಗಳೂರಿನ ಬೇಸಿಗೆಯನ್ನು ದಾಟಬಹುದು. ಉಳಿದ ತಿಂಗಳುಗಳಲ್ಲಿ ನಮ್ಮ ಊರಿನ ಹವೆ ಈ ಕೃಷಿಗೆ ಎಷ್ಟು ಅನುಕೂಲವೆಂದರೆ ತಂಪು ಮಾಡುವ ಯಾವ ಉಪಾಯವೂ ಬೇಕಾಗುವುದಿಲ್ಲ.

ಪೆಟ್ಟಿಗೆಯ ಹೊರಗೆ ಮುದ್ರಿಸಿರುವ ಕೆಂಪು ಟೊಮೆಟೊ, ದಪ್ಪ ಮೆಣಸಿನಕಾಯಿಗಳ ಚಿತ್ರವನ್ನು ನಂಬಿ ಯಾರೂ ಇದನ್ನು ಕೊಳ್ಳಬಾರದು. ಕಾಯಿ ಬಿಡುವ ಗಿಡಕ್ಕೆ ಸೊಪ್ಪಿಗಿಂತ ಸುಮಾರು ಎರಡು ಪಟ್ಟು ಬೆಳಕು ಬೇಕು, ಈ ದೀಪಕ್ಕೆ ಅಷ್ಟು ಶಕ್ತಿಯಿಲ್ಲ. ಗಿಡ ದೀಪವನ್ನು ಮುಟ್ಟುವಷ್ಟು ಉದ್ದವಾಗಿ, ಬೇರು ಪಂಪಿನ ಬಾಯಿಗೆ ಸುತ್ತಿಕೊಂಡು, ಅಕ್ಕಪಕ್ಕದ ಸೊಪ್ಪಿಗೆ ನೆರಳಾಗುತ್ತದೆ. ಮನೆಯೊಳಗೆ ಗಾಳಿಯೂ ಜೇನೂ ಇಲ್ಲದಿರುವುದರಿಂದ ಹೂಗೊಂಚಲನ್ನು ಕೈಯಿಂದ ಅಲುಗಿಸಬೇಕು. ಇಷ್ಟೆಲ್ಲ ಆದರೂ ಸಿಗುವುದು ಬೆರಳೆಣಿಕೆಯ ಕಾಯಿ.

ಆದರೆ ಅದೇ ಟೊಮೆಟೊ, ಬದನೆ, ಮೆಣಸಿನ ಸಸಿಗಳನ್ನು ಎಬ್ಬಿಸುವುದಕ್ಕೆ ಇದಕ್ಕಿಂತ ಉತ್ತಮವಾದ ಒಟ್ಟಲು ಪಟ್ಟಣದ ಮನೆಗೆ ಸಿಗಲಾರದು ಎಂಬುದು ನನ್ನ ಅನುಭವ. ತಾರಸಿಯ ಕುಂಡದಲ್ಲಿ ಬಿತ್ತಿದ ಬೀಜಕ್ಕೆ ಇರುವೆ, ಬಿರುಮಳೆ, ಪಾರಿವಾಳ, ಒಣಗುವ ಮಣ್ಣು ಎಲ್ಲವೂ ಶತ್ರುಗಳು. ಇಲ್ಲಿ ತೇವ ಮತ್ತು ಬೆಳಕು ದಿನವೂ ಒಂದೇ ಸಮನಾಗಿರುವುದರಿಂದ ಅರ್ಕಾ ರಕ್ಷಕ್‌ನಂಥ ಬೆಲೆಬಾಳುವ ಹೈಬ್ರಿಡ್ ಟೊಮೆಟೊ ಬೀಜಗಳಲ್ಲಿ ಒಂದೂ ಹಾಳಾಗದಂತೆ ನೋಡಿಕೊಳ್ಳಬಹುದು. ದೀಪವನ್ನು ಸಸಿಯ ತುದಿಯಿಂದ ಒಂದು ಗೇಣಿನೊಳಗೇ ಇಟ್ಟರೆ ಕಾಂಡ ಗಿಡ್ಡವಾಗಿ, ಗಟ್ಟಿಯಾಗಿ, ಬುಡದಲ್ಲಿ ನೇರಳೆ ಛಾಯೆ ಪಡೆದು ನಿಲ್ಲುತ್ತದೆ. ನಾಲ್ಕು ನಿಜವಾದ ಎಲೆ ಬಂದೊಡನೆ ಸ್ಪಂಜಿನ ಸಮೇತ ತೆಗೆದು ಕುಂಡಕ್ಕೆ ನೆಡಬೇಕು. ತಡಮಾಡಿದರೆ ಬೇರುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ನೀರಿಗೆ ಒಗ್ಗಿದ ಬೇರು ಮಣ್ಣಿಗೆ ಹೊಂದಿಕೊಳ್ಳುವುದೂ ಕಷ್ಟವಾಗುತ್ತದೆ. ಮೊದಲ ವಾರ ನೆರಳಿನಲ್ಲಿಟ್ಟು, ಕೋಕೋಪೀಟ್ ಬೆರೆಸಿದ ಮಣ್ಣನ್ನು ಸದಾ ಹಸಿಯಾಗಿಟ್ಟು, ದಿನದಿನಕ್ಕೆ ಬಿಸಿಲನ್ನು ಹೆಚ್ಚಿಸುತ್ತ ಹೋಗಬೇಕು. ನಮ್ಮ ಕಟ್ಟಡದ ತಾರಸಿಯಲ್ಲಿ ಈಗ ಕಾಯಿ ಬಿಡುತ್ತಿರುವ ಬದನೆ, ಮೆಣಸಿನ ಗಿಡಗಳೆಲ್ಲ ಈ ಪೆಟ್ಟಿಗೆಯಲ್ಲಿ ಹುಟ್ಟಿದವು.

ಹಣದ ಲೆಕ್ಕದಲ್ಲಿ ಇದು ಉಳಿತಾಯದ ವಸ್ತುವಲ್ಲ. ಹನ್ನೆರಡು ಗುಂಡಿಗಳಲ್ಲೂ ಸೊಪ್ಪು ತುಂಬಿದ್ದರೂ ಒಂದು ಕೊಯ್ಲಿಗೆ ಸಿಗುವುದು ಹಾಪ್‌ಕಾಮ್ಸ್ ಮಳಿಗೆಯ ಒಂದು ಕಟ್ಟಿನಷ್ಟು. ನಾಲ್ಕು ಜನರಿರುವ ಮನೆಯಲ್ಲಿ ಒಂದು ಹೊತ್ತಿನ ಬಸ್ಸಾರಿಗೂ ಅದು ಸಾಲದು. ವೃಷಭಾವತಿ ನದಿಯ ಕೊಳಚೆ ಸೇರುವ ನೀರಿನಲ್ಲಿ ಬೆಳೆದ ಸೊಪ್ಪಿನ ಬಗ್ಗೆ ಆತಂಕವಿರುವವರಿಗೆ, ದಿನವೂ ಒಂದು ಹಿಡಿ ಕೊತ್ತಂಬರಿ, ಮಗುವಿನ ಊಟಕ್ಕೆ ಸ್ವಲ್ಪ ಪಾಲಕ್ ಬೇಕೆನ್ನುವವರಿಗೆ, ಮತ್ತು ತಾರಸಿಯಲ್ಲಿ ಕುಂಡಗಳಿದ್ದು ಒಳ್ಳೆಯ ಸಸಿಗಾಗಿ ಪರದಾಡುವವರಿಗೆ ನಾನಿದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಬಿಸಿಲು ಬೀಳುವ ಬಾಲ್ಕನಿ ಇರುವವರು ಅದೇ ಹಣಕ್ಕೆ ನಾಲ್ಕು ದೊಡ್ಡ ಗ್ರೋಬ್ಯಾಗ್, ಗೊಬ್ಬರ, ಬೀಜ ಕೊಂಡರೆ ಹೆಚ್ಚು ಸೊಪ್ಪು ತಿನ್ನಬಹುದು.

ಕೊಳ್ಳುವುದಾದರೆ ಹಣ ಕೊಡುವ ಮೊದಲು ಮಾರಾಟಗಾರರನ್ನು ಬಿಡಿ ಪಂಪು, ಬಿಡಿ ಅಡಾಪ್ಟರ್ ಪ್ರತ್ಯೇಕವಾಗಿ ಸಿಗುತ್ತವೆಯೇ ಎಂದು ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ನನಗೆ ಮಾರಿದವರು ಪಂಪು ಕೆಟ್ಟರೆ ಇಡೀ ಪೆಟ್ಟಿಗೆಯನ್ನೇ ಹೊಸದಾಗಿ ಕೊಳ್ಳಬೇಕೆಂದರು. ಮೀನಿನ ತೊಟ್ಟಿಯ ಸಾಮಾನು ಮಾರುವ ಅಂಗಡಿಯಲ್ಲಿ ಅದೇ ಅಳತೆಯ ಪಂಪು ಸಿಕ್ಕಿತು, ಈಗ ಅದೇ ಓಡುತ್ತಿದೆ.