ವ್ಯೂ-ಮಾಸ್ಟರ್ ಮಾಡೆಲ್ ಸಿ: 12 ಡಾಲರ್ ಕೊಟ್ಟು ತಂದ ಕಪ್ಪು ಡಬ್ಬಿ, ಆರು ತಿಂಗಳು ನೋಡಿದ್ಮೇಲೆ

ವ್ಯೂ-ಮಾಸ್ಟರ್ ಅಂದ್ರೆ ರೀಲು ಅನ್ನೋ ದುಂಡು ರಟ್ಟಲ್ಲಿರೋ ಫೋಟೋಗಳನ್ನ ಕಣ್ಣಿಗೆ ಹಿಡ್ಕೊಂಡು ಆಳ ಸಮೇತ ನೋಡೋ ಡಬ್ಬಿ. ಮೊದ್ಲೇ ಹೇಳ್ಬಿಡ್ತೀನಿ, ಇದು ಹೊಸ ಐಟಂ ಅಲ್ಲ. 1946ರಿಂದ 1956ರ ತನಕ ಅಮೆರಿಕದಲ್ಲಿ ಮಾಡಿದ್ದು, ನಮ್ಮ ಅತ್ತೆಗಿಂತ ವಯಸ್ಸಲ್ಲಿ ದೊಡ್ಡದೇ ಇರ್ಬೇಕು. ಹಾಗಾದ್ರೆ ರಿವ್ಯೂ ಯಾಕೆ ಅಂತೀರಾ, ಇವತ್ತಿಗೂ ಹಳೇ ಸಾಮಾನಿನ ಅಂಗಡಿಗಳಲ್ಲಿ, ಆನ್‌ಲೈನಲ್ಲಿ ಇದು ಬೇಕಾದಷ್ಟು ಸಿಗತ್ತೆ, ತಗೊಳೋರಿಗೆ ಏನ್ ನೋಡಿ ತಗೋಬೇಕು ಅಂತ ಗೊತ್ತಿರಲ್ಲ, ನಂಗೂ ಗೊತ್ತಿರ್ಲಿಲ್ಲ, ಒಂದ್ಸಲ ಚೆನ್ನಾಗಿ ಟೋಪಿ ಹಾಕಿಸ್ಕೊಂಡೆ. ಅದು ಆಮೇಲೆ.

ನಾವಿರೋದು ಒರೆಗಾನ್‌ನ ಬೀವರ್ಟನ್ ಹತ್ರ. ಇಲ್ಲಿ ವೀಕೆಂಡ್ ಬಂತು ಅಂದ್ರೆ ಎಸ್ಟೇಟ್ ಸೇಲ್ ಅಂತ ನಡೆಯತ್ತೆ, ಮನೇಲಿದ್ದ ವಯಸ್ಸಾದವ್ರು ತೀರ್ಕೊಂಡ್ರೆ ಇಲ್ಲಾ ಆಶ್ರಮಕ್ಕೆ ಹೋದ್ರೆ ಮಕ್ಳು ಮನೆ ಬಾಗ್ಲು ತೆಗೆದಿಟ್ಟು ಚಮಚದಿಂದ ಮಂಚದ ತನಕ ಎಲ್ಲಕ್ಕೂ ರೇಟ್ ಚೀಟಿ ಅಂಟ್ಸಿ ಮಾರ್ತಾರೆ. ಮೊದಮೊದ್ಲು ಯಾರದೋ ಅಜ್ಜಿ ಅಡುಗೆಮನೆ ಡ್ರಾಯರ್ ಎಳೆದು ನೋಡೋದಕ್ಕೆ ನಂಗೆ ಒಂಥರಾ ಆಗೋದು. ಈಗ ನಾಚಿಕೆ ಬಿಟ್ಟಿದೀನಿ, ಎರಡನೇ ದಿನ ಮಧ್ಯಾಹ್ನ ಹೋದ್ರೆ ಅರ್ಧ ರೇಟು ಅನ್ನೋ ಗುಟ್ಟೂ ಗೊತ್ತಾಗಿದೆ. ಹಂಗೆ ಒಂದು ಮನೆ ಅಟ್ಟದ ಸಾಮಾನಿನಲ್ಲಿ ಒಂದು ಶೂ ಡಬ್ಬಿ ಸಿಕ್ತು, ಒಳಗೆ ಕಪ್ಪು ವ್ಯೂ-ಮಾಸ್ಟರ್ ಒಂದು, ರೀಲು 41. ಚೀಟೀಲಿ 24 ಅಂತಿತ್ತು, 12ಕ್ಕೆ ಕೊಟ್ರು.

ನಮ್ ಜನರೇಷನ್ನಿನ ಕೆಲವರಿಗೆ ವ್ಯೂ-ಮಾಸ್ಟರ್ ಅಂದ್ರೆ ಗೊತ್ತಿರತ್ತೆ. ಬಾಂಬೆಯಲ್ಲಿ ಪಟೇಲ್ ಇಂಡಿಯಾದವ್ರು ಮಾಡ್ತಿದ್ದ ಪ್ಲಾಸ್ಟಿಕ್ಕಿಂದು, ನಮ್ಮ ದೊಡ್ಡಪ್ಪನ ಮನೇಲಿ ಒಂದಿತ್ತು, ಬೀರು ಮೇಲಿಟ್ಟಿರೋರು, ಬೇಸಿಗೆ ರಜದಲ್ಲಿ ಲೈನಲ್ಲಿ ನಿಂತು ಒಬ್ಬೊಬ್ರಿಗೆ ಒಂದೊಂದು ಸುತ್ತು ಮಾತ್ರ, ಕಟಕ್ ಕಟಕ್ ಅಂತ ಏಳು ಸಲ ಒತ್ತಿದ ತಕ್ಷಣ ಹಿಂದಿದ್ದೋನು ಕಿತ್ಕೊಳೋನು. ಜಾತ್ರೇಲಿ ಪೆಟ್ಟಿಗೆ ತೂತಿಗೆ ಕಣ್ಣಿಟ್ಟು ನೋಡೋ ಬಯಾಸ್ಕೋಪ್ ಇತ್ತಲ್ಲ, ಅದನ್ನ ಕೈಯಲ್ಲಿ ಹಿಡ್ಕೊಳೋ ಸೈಜಿಗೆ ಇಳಿಸಿದ್ರೆ ಹೆಂಗಿರತ್ತೋ ಹಂಗೆ. ಆದ್ರೆ ಆ ಪ್ಲಾಸ್ಟಿಕ್ಕಿಂದಕ್ಕೂ ಈ ಮಾಡೆಲ್ ಸಿಗೂ ಸಂಬಂಧಾನೇ ಇಲ್ಲ ಅನ್ನೋ ಅಷ್ಟು ವ್ಯತ್ಯಾಸ. ಇದು ಬೇಕಲೈಟ್. ಹಳೇ ಮನೆಗಳ ಗೋಡೇಲಿ ದುಂಡಗೆ ಕಪ್ಪಗೆ ಸ್ವಿಚ್ ಇರ್ತಿತ್ತಲ್ಲ, ಅದೇ ಮಾಲು. ಕೈಯಲ್ಲಿ ಹಿಡಿದ್ರೆ ಭಾರ ಗೊತ್ತಾಗತ್ತೆ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೇಲಿ ಒರೆಸಿದ್ರೆ ಆಸ್ಪತ್ರೆ ಥರ ಒಂದು ಸಣ್ಣ ವಾಸನೆ ಬರತ್ತೆ. ಬಿದ್ರೆ ಮಾತ್ರ ಮುಗೀತು, ಪ್ಲಾಸ್ಟಿಕ್ ಥರ ಪುಟಿಯಲ್ಲ, ಗಾಜಿನ ಥರ ಸೀಳತ್ತೆ.

ಕೆಲಸ ಮಾಡೋದು ಸಿಂಪಲ್. ರೀಲು ಅಂದ್ರೆ ಒಂದು ದುಂಡು ರಟ್ಟು, ಅಂಚಲ್ಲಿ ಬೆರಳುಗುರಿನಷ್ಟು ಫಿಲ್ಮ್ ತುಂಡು 14. ಎದುರುಬದುರು ಇರೋ ಎರಡೆರಡು ಸೇರಿ ಒಂದು ಜೋಡಿ, ಹಂಗಾಗಿ ಏಳು ಚಿತ್ರ. ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಇನ್ನೊಂದು, ಎರಡೂ ಒಂದೇ ದೃಶ್ಯ ಆದ್ರೆ ನಮ್ಮೆರಡು ಕಣ್ಣಿನ ಹಂಗೆ ಚೂರು ಅಕ್ಕಪಕ್ಕದಿಂದ ತೆಗೆದಿದ್ದು, ತಲೆಯೊಳಗೆ ಎರಡೂ ಕೂಡಿ ಆಳ ಬರತ್ತೆ. ಮೇಲಿನ ಸೀಳಲ್ಲಿ ರೀಲು ಇಳಿಬಿಟ್ಟು ಬಲಗಡೆ ಲಿವರ್ ಕೆಳಗೆ ಎಳೆದು ಬಿಟ್ರೆ ಮುಂದಿನ ಚಿತ್ರ. ಬ್ಯಾಟರಿ ಇಲ್ಲ, ಬಲ್ಬ್ ಇಲ್ಲ, ಬೆಳಕಿನ ಕಡೆ ಮುಖ ಮಾಡಿ ಹಿಡೀಬೇಕು ಅಷ್ಟೆ. ಎಪ್ಪತ್ತು ವರ್ಷ ಆದ್ರೂ ನನ್ನ ಪೀಸಲ್ಲಿ ಲಿವರ್ ಒಂದ್ಸಲಾನೂ ಸಿಕ್ಕಾಕಿಕೊಂಡಿಲ್ಲ, ನಮ್ಮನೆ ಮಿಕ್ಸಿ ಬಂದು ಎರಡೇ ವರ್ಷಕ್ಕೆ ಕೈ ಕೊಟ್ಟಿದೆ.

ಇದರ ಕಥೆ ಕೇಳಿದ್ಮೇಲೆ ಡಬ್ಬಿ ಮೇಲೆ ಪ್ರೀತಿ ಇನ್ನೂ ಜಾಸ್ತಿ ಆಯ್ತು, ಯಾಕಂದ್ರೆ ಇದು ನಮ್ಮೂರಿಂದೇ. ವಿಲಿಯಂ ಗ್ರೂಬರ್ ಅಂತ, ಜರ್ಮನಿಯಿಂದ ಬಂದು ಪೋರ್ಟ್‌ಲ್ಯಾಂಡಲ್ಲಿ ಪಿಯಾನೋ ಶ್ರುತಿ ಮಾಡ್ತಿದ್ದೋನು, ಎರಡು ಕೋಡಕ್ ಕ್ಯಾಮೆರಾ ಪಕ್ಕಪಕ್ಕ ಕಟ್ಕೊಂಡು ಫೋಟೋ ತೆಗೀತಾ ತಿರುಗ್ತಿದ್ದ. 1938ರಲ್ಲಿ ಒರೆಗಾನ್ ಕೇವ್ಸ್ ಅನ್ನೋ ಗುಹೆ ಹತ್ರ ಹೆರಾಲ್ಡ್ ಗ್ರೇವ್ಸ್ ಅನ್ನೋರು ಸಿಕ್ಕಿದ್ರು, ಅವ್ರು ಪೋಸ್ಟ್‌ಕಾರ್ಡ್ ಮಾರೋ ಸಾಯರ್ಸ್ ಕಂಪನಿಯೋರು, ಏನಪ್ಪಾ ಇದು ಎರಡೆರಡು ಕ್ಯಾಮೆರಾ ಅಂತ ಮಾತಿಗೆ ಮಾತು ಬೆಳೆದು ಮುಂದಿನ ವರ್ಷ 1939ಕ್ಕೆ ನ್ಯೂಯಾರ್ಕಿನ ವರ್ಲ್ಡ್ಸ್ ಫೇರಲ್ಲಿ ವ್ಯೂ-ಮಾಸ್ಟರ್ ಬಂದೇ ಬಿಡ್ತು. ಆಟದ ಸಾಮಾನು ಅಂತ ಅಲ್ಲ, ಪೋಸ್ಟ್‌ಕಾರ್ಡಿಗೆ ಬದಲು ದೊಡ್ಡೋರು ನೋಡೋಕೆ ಅಂತ. ಎರಡನೇ ಮಹಾಯುದ್ಧದ ಟೈಮಲ್ಲಿ ಅಮೆರಿಕನ್ ಮಿಲಿಟರಿಯೋರು ಸುಮಾರು ಒಂದು ಲಕ್ಷ ವ್ಯೂವರ್ ತಗೊಂಡ್ರಂತೆ, ವಿಮಾನ ಗುರುತು ಹಿಡಿಯೋದು, ದೂರ ಅಂದಾಜು ಮಾಡೋದು ಕಲಿಸೋಕೆ. ಆಮೇಲೆ ಒಬ್ಬ ಡಾಕ್ಟರು, ಡೇವಿಡ್ ಬ್ಯಾಸೆಟ್ ಅಂತ, ಇದೇ ಗ್ರೂಬರ್ ಜೊತೆ ಸೇರಿ ಮನುಷ್ಯನ ದೇಹ ಕೊಯ್ದು ತೋರಿಸೋ ರೀಲುಗಳನ್ನ ವರ್ಷಗಟ್ಟಲೆ ಕೂತು ಮಾಡಿದ್ರು, ಮೆಡಿಕಲ್ ಓದೋರಿಗೆ. ಅದು ನನ್ನ ಶೂ ಡಬ್ಬೀಲಿ ಇರ್ಲಿಲ್ಲ, ದೇವ್ರು ದೊಡ್ಡೋನು.

ಆಮೇಲಾಮೇಲೆ ಫ್ಯಾಕ್ಟರಿ ಇಲ್ಲೇ ಬೀವರ್ಟನ್ ಪಕ್ಕ ಪ್ರೋಗ್ರೆಸ್ ಅನ್ನೋ ಜಾಗದಲ್ಲಿತ್ತು. ಈಗ ನಾವು ಮಕ್ಳಿಗೆ ಶೂ ಕೊಡ್ಸೋಕೆ ಹೋಗೋ ಮಾಲ್ ಹತ್ರಾನೇ.

ಈಗ ಚಿತ್ರಗಳು. ಐದು ಸ್ಟಾರ್ ಕೊಡೋದಿದ್ರೆ ಇದಕ್ಕೇ ಕೊಡ್ಬೇಕು. ಹಳೇದು ಅಂದ್ರೆ ಮಾಸಿದ್ದು, ಹಳದಿ ತಿರುಗಿದ್ದು ಅಂತ ನಂ ತಲೇಲಿ ಕೂತಿರತ್ತಲ್ಲ, ನಮ್ಮಜ್ಜಿ ಮದುವೆ ಫೋಟೋ ನೋಡಿ ಅಭ್ಯಾಸ. ಇದು ಕೋಡಕ್ರೋಮ್ ಫಿಲ್ಮು, ಕೆಂಪು ಕೆಂಪಾಗೇ ಇದೆ, ಆಕಾಶ ಇವತ್ತು ಬೆಳಿಗ್ಗೆ ಒಗೆದು ಹಾಕಿದ ಹಾಗಿದೆ. ಆ ಕಾಲಕ್ಕೆ ಮನೇಲಿ ಟಿವಿ ಇದ್ರೂ ಕಪ್ಪು ಬಿಳುಪು, ಹೆಚ್ಚಿನ ಮನೆಗಳಿಗೆ ಕಲರ್ ಟಿವಿ ಬಂದಿದ್ದು ಅರವತ್ತರ ದಶಕ ದಾಟಿದ್ಮೇಲೆ. ಹಂಗಿದ್ದಾಗ ಒಂದು ರೀಲಿಗೆ 35 ಸೆಂಟ್, ಮೂರು ತಗೊಂಡ್ರೆ ಒಂದು ಡಾಲರ್, ಅಷ್ಟಕ್ಕೆ ಇಷ್ಟು ಬಣ್ಣ, ಅದೂ ಕೈ ಚಾಚಿದ್ರೆ ಸಿಗೋ ಹಂಗೆ! ಯಾಕೆ ಮನೆಮನೇಲೂ ಇತ್ತು ಅಂತ ನೋಡಿದ್ಮೇಲೆ ಗೊತ್ತಾಯ್ತು.

ಶೂ ಡಬ್ಬಿ ಸಿಕ್ಕ ಆ ಮನೆಯೋರು ತಿರುಗಾಟದೋರು ಅಂತ ಕಾಣತ್ತೆ. ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್, ಯೋಸೆಮಿಟಿ, ಹವಾಯಿ, ಡಿಸ್ನಿಲ್ಯಾಂಡ್. ಯೋಸೆಮಿಟಿ ರೀಲಲ್ಲಿ ಒಂದು ಮರ, ಬುಡದಲ್ಲಿ ಬಾಗಿಲಿನ ಹಂಗೆ ಕೊರೆದು ಅದರೊಳಗಿಂದ ಕಾರು ಬರ್ತಾ ಇದೆ. ವಾವೋನಾ ಮರ ಅಂತ ಅದರ ಹೆಸರು, 1969ರಲ್ಲಿ ಹಿಮದ ಭಾರಕ್ಕೆ ಬಿದ್ದೋಯ್ತು, ಈಗ ಹೋದ್ರೆ ಬಿದ್ದಿರೋ ದಿಮ್ಮಿ ನೋಡ್ಬಹುದು ಅಷ್ಟೆ. ಯೆಲ್ಲೋಸ್ಟೋನಲ್ಲಿ ಕರಡಿಗಳು ರಸ್ತೆ ಪಕ್ಕ ನಿಂತು ಕಾರಿನ ಕಿಟಕೀಲಿ ಮೂತಿ ಹಾಕಿ ತಿಂಡಿ ಕೇಳ್ತಾ ಇವೆ, ಒಳಗೆ ಕೂತೋರು ನಗ್ತಾ ಇದಾರೆ. ಈಗ ಹಂಗೆ ಕೊಟ್ರೆ ದಂಡ. ಡಿಸ್ನಿಲ್ಯಾಂಡ್ ಶುರುವಾಗಿದ್ದು 1955ರ ಜುಲೈಯಲ್ಲಿ, ನನ್ನ ರೀಲು ಆ ಮೊದಲ ಮೂರ್ನಾಲ್ಕು ವರ್ಷದ್ದೇ ಅಂತ ಹೇಳ್ಬಹುದು, ಯಾಕಂದ್ರೆ 1959ರಲ್ಲಿ ಬಂದ ಮೋನೋರೈಲೂ ಇಲ್ಲ, ಮ್ಯಾಟರ್‌ಹಾರ್ನ್ ಅನ್ನೋ ಕಟ್ಟಿದ ಗುಡ್ಡಾನೂ ಇಲ್ಲ. ಗಂಡಸರು ಹ್ಯಾಟು ಕೋಟು ಹಾಕ್ಕೊಂಡು, ಹೆಂಗಸರು ಮದುವೆಗೆ ಹೊರಟೋರ ಹಂಗೆ ಫ್ರಾಕು ಕೈಗವಸು ಹಾಕ್ಕೊಂಡು ಬಂದಿದಾರೆ. ನಾವು ಹೋದಾಗ ನಮ್ಮನೆಯವ್ರು ಹಾಕಿದ್ದ ಬರ್ಮುಡಾ ನೆನಪಾಗಿ ನಗು ಬಂತು.

ಮಕ್ಕಳ ಕಥೆ ರೀಲು ಬೇರೆ ಇವೆ, ಅವು ಡ್ರಾಯಿಂಗ್ ಅಲ್ಲ, ಫ್ಲಾರೆನ್ಸ್ ಥಾಮಸ್ ಅನ್ನೋ ಕಲಾವಿದೆ ಗೊಂಬೆ ಮಾಡಿ, ಪುಟ್ಟ ಮನೆ, ಮರ, ಬಟ್ಟಲು ಎಲ್ಲಾ ಜೋಡ್ಸಿ ಫೋಟೋ ತೆಗೆದಿದ್ದು. ನಮ್ಮ ದಸರಾ ಗೊಂಬೆ ಜೋಡಿಸಿರ್ತಾರಲ್ಲ, ಅದರೊಳಗೆ ತಲೆ ತೂರಿಸಿ ನೋಡಿದ ಹಂಗಿದೆ. ನನ್ನ ಮಗಳು ಐಪ್ಯಾಡ್ ಬಿಟ್ಟು ಇದನ್ನ ನೋಡ್ತಾಳೆ ಅಂತ ಬರೆದ್ರೆ ಚೆನ್ನಾಗಿರ್ತಿತ್ತು, ಆದ್ರೆ ಸುಳ್ಳು. ಎರಡು ರೀಲು ನೋಡಿದ್ಲು, ಅಮ್ಮಾ ಇದು ಅಲ್ಲಾಡಲ್ವಾ ಅಂತ ಕೇಳಿ ಎದ್ದೋದ್ಲು.

ಹಿಡ್ಕೊಂಡು ಕೂತಿದ್ದು ಅತ್ತೆ. ತೀರ್ಥಹಳ್ಳಿಯಿಂದ ಆರು ತಿಂಗಳಿಗೆ ಅಂತ ಬಂದಿದ್ರು, ಇಲ್ಲಿ ಮಳೆಗಾಲ ನಮ್ಮ ಮಲ್ನಾಡಿಗೇನೂ ಕಮ್ಮಿ ಇಲ್ಲ ಅಂತ ಗೊಣಗ್ತಾ ಕಿಟಕಿ ಹತ್ರ ಕೂರೋರು. ಒಂದಿನ ಗ್ರ್ಯಾಂಡ್ ಕ್ಯಾನ್ಯನ್ ರೀಲು ಹಾಕ್ಕೊಟ್ಟೆ. ಒಂದೂ ಮಾತಿಲ್ಲ. ಏಳೂ ನೋಡಿ, ಮತ್ತೆ ಏಳು ನೋಡಿ, "ಅಲ್ಲ ಕಣೇ, ಹೋದ್ಸಲ ನಾವು ಹೋಗಿದ್ದು ಇದೇ ಜಾಗಕ್ಕಾ? ಮಂಡಿ ನೋವಲ್ಲಿ ನಂಗೆ ಬರೀ ರೈಲಿಂಗು ಕಂಡಿತ್ತು ಮಾರಾಯ್ತಿ" ಅಂದ್ರು. ಅವತ್ತಿಂದ ದಿನಾ ನಾಲ್ಕು ಗಂಟೆ ಕಾಫಿ ಆದ್ಮೇಲೆ ಒಂದು ರೀಲು. ಒಂದೇ ಸಲ ಎರಡು ನೋಡ್ತಿರ್ಲಿಲ್ಲ, ಖರ್ಚಾಗಿಬಿಡತ್ತೆ ಅನ್ನೋ ಥರ.

ಒಂದು ವಿಷ್ಯ ಅವ್ರೇ ಕೇಳಿದ್ದು. "ಇದ್ರಲ್ಲಿ ಕರಿಯೋರು ಒಬ್ರೂ ಇಲ್ವಲ್ಲೇ" ಅಂತ. ನಾನು ಮತ್ತೆ ಹುಡುಕಿದೆ, ನನ್ನ 41 ರೀಲಲ್ಲಿ ಟೂರಿಸ್ಟ್ ಆಗಿ ನಿಂತಿರೋ ಒಂದು ಕಪ್ಪು ಮುಖಾನೂ ಸಿಗ್ಲಿಲ್ಲ. ಆಗ ಕಪ್ಪು ಜನ ಕಾರಲ್ಲಿ ಪ್ರವಾಸ ಹೊರಟ್ರೆ ಯಾವ ಊರಲ್ಲಿ ರೂಮು ಕೊಡ್ತಾರೆ, ಎಲ್ಲಿ ಊಟ ಹಾಕ್ತಾರೆ ಅಂತ ಬರೆದಿರೋ ಬೇರೇನೇ ಗೈಡ್ ಇಟ್ಕೊಂಡು ಹೋಗ್ಬೇಕಿತ್ತು. ಈ ಬಣ್ಣಬಣ್ಣದ ಅಮೆರಿಕ ಎಲ್ಲರ ಅಮೆರಿಕ ಆಗಿರ್ಲಿಲ್ಲ. ತಮಾಷೆ ಏನಪ್ಪಾ ಅಂದ್ರೆ, ನಾವು ಚಿಕ್ಕೋರಾಗಿದ್ದಾಗ ನೋಡಿದ ಆ ಪ್ಲಾಸ್ಟಿಕ್ ವ್ಯೂ-ಮಾಸ್ಟರ್ ಇದೆಯಲ್ಲ, ಹಗುರಾಗಿ, ಬೀಳ್ಸಿದ್ರೂ ಒಡೀದೆ ಇರೋದು, ಅದರ ಡಿಸೈನ್ ಮಾಡಿದ್ದು ಚಾರ್ಲ್ಸ್ ಹ್ಯಾರಿಸನ್ ಅನ್ನೋ ಕಪ್ಪು ಡಿಸೈನರ್. ನಮ್ಮ ದೊಡ್ಡಪ್ಪನ ಬೀರು ತನಕ ಬಂದಿದ್ದು ಅವನ ಕೈಕೆಲಸ.

ಈಗ ಮೈನಸ್ಸು. ಫೋಕಸ್ ಮಾಡೋಕೆ ಏನೂ ಇಲ್ಲ, ಕನ್ನಡಕ ಹಾಕ್ಕೊಂಡ್ರೆ ಕಣ್ಣು ಹತ್ರ ಹೋಗಲ್ಲ, ತೆಗೆದ್ರೆ ನನ್ನಂಥ ಮೈನಸ್ ಐದು ಪವರಿನೋರಿಗೆ ಮಂಜು. ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೊಂಡು ನೋಡ್ತೀನಿ. ಫೋಕಸ್ ಬೇಕು ಅಂದ್ರೆ 1955ರಿಂದ ಬಂದ ಮಾಡೆಲ್ ಡಿ ಹುಡುಕಿ, ರೇಟು ಜಾಸ್ತಿ. ಬೆಳಕು ಇಲ್ದೆ ನಡೆಯಲ್ಲ, ಒರೆಗಾನ್ ಚಳಿಗಾಲದ ಸಂಜೆಗೆ ದಂಡ, ಟ್ಯೂಬ್‌ಲೈಟ್ ಕಡೆ ಹಿಡಿದ್ರೆ ಬಣ್ಣ ಸತ್ತೋಗತ್ತೆ, ಹಗಲು ಆಕಾಶಾನೇ ಬೆಸ್ಟು, ಆದ್ರೆ ನೇರ ಸೂರ್ಯನ ಕಡೆ ಮಾತ್ರ ಬೇಡ, ಕಣ್ಣು ಹೋಗತ್ತೆ. ಇನ್ನೊಂದು, ಒಬ್ಬರೇ ನೋಡೋ ವಸ್ತು ಇದು. ಪಕ್ಕದೋರು ಅಯ್ಯೋ ಅಬ್ಬಾ ಅಂತಿದ್ರೆ ನಾವು ಏನು ಏನು ಅಂತ ಬಾಯಿ ಬಿಡ್ಕೊಂಡು ಕೂತಿರ್ಬೇಕು.

ಟೋಪಿ ಕಥೆ ಹೇಳ್ತೀನಿ ಅಂದಿದ್ನಲ್ಲ. ರುಚಿ ಹತ್ತಿ ಆನ್‌ಲೈನಲ್ಲಿ ಯಾರೋ ಒಬ್ರ ಹತ್ರ 60 ರೀಲಿನ ಲಾಟ್ ತಗೊಂಡೆ, 45 ಡಾಲರ್. ಬಂದಿದ್ದು ನೋಡಿದ್ರೆ ಅರ್ಧಕ್ಕರ್ಧ ರೀಲು ಬೀಟ್‌ರೂಟ್ ಪಲ್ಯದ ಬಣ್ಣ, ಹಸಿರೂ ಇಲ್ಲ ನೀಲಿಯೂ ಇಲ್ಲ, ಎರಡರಲ್ಲಿ ಫಿಲ್ಮ್ ತುಂಡೇ ಉದುರೋಗಿತ್ತು. ಆಮೇಲೆ ಗೊತ್ತಾಗಿದ್ದು, ಆಮೇಲಿನ ಕಾಲದ ಸುಮಾರು ರೀಲುಗಳಿಗೆ ಬೇರೆ ಫಿಲ್ಮ್ ಹಾಕಿದಾರೆ, ಅದು ವರ್ಷ ಕಳೆದಂಗೆ ಕೆಂಪಾಗತ್ತೆ. ಹಾಗಾಗಿ ತಗೊಳೋ ಮುಂಚೆ ರೀಲನ್ನ ಕಿಟಕಿ ಕಡೆ ಎತ್ತಿ ಹಿಡೀರಿ, ಆಕಾಶ ನೀಲಿ ಇದ್ರೆ ತಗೊಳಿ. ಆನ್‌ಲೈನ್ ಆದ್ರೆ ಬೆಳಕಿಗೆ ಹಿಡಿದ ಫೋಟೋ ಕೇಳಿ, ಕೊಡಲ್ಲ ಅಂದ್ರೆ ಬಿಟ್ಬಿಡಿ. ಸಾಯರ್ಸ್ ಅಂತ ಹೆಸರಿರೋ ಹಳೇ ರೀಲುಗಳು ನನ್ನ ಅನುಭವದಲ್ಲಿ ಒಂದೂ ಮೋಸ ಮಾಡಿಲ್ಲ. 1966ರಲ್ಲಿ ಆ ಕಂಪನೀನ ಜಿಎಎಫ್ ಅನ್ನೋರು ಕೊಂಡ್ಕೊಂಡ್ರು, ಅಲ್ಲಿಂದ ಊರು ಬೆಟ್ಟ ಕಮ್ಮಿ ಆಗಿ ಟಿವಿ ಶೋ, ಕಾರ್ಟೂನ್ ಜಾಸ್ತಿ, ನಂಗೆ ಅದ್ರಲ್ಲಿ ಅಷ್ಟು ಇಂಟರೆಸ್ಟ್ ಇಲ್ಲ.

ವ್ಯೂವರ್ ಚೆಕ್ ಮಾಡೋದಾದ್ರೆ, ಲಿವರ್ ಎಳೆದು ಬಿಟ್ರೆ ತಾನೇ ವಾಪಸ್ ಬರ್ಬೇಕು, ಕಣ್ಣಿನ ತೂತಿನ ಸುತ್ತ ಬಿರುಕು ಇದ್ಯಾ ನೋಡಿ, ಒಳಗೆ ಧೂಳಿದ್ರೆ ಮೆತ್ತಗಿರೋ ಬ್ರಷ್ ಸಾಕು. ನೀರಲ್ಲಿ ಅದ್ದಬೇಡಿ ದಯವಿಟ್ಟು.

ನನ್ನ ರೇಟಿಂಗ್ ನಾಲ್ಕೂವರೆ, ಆ ಅರ್ಧ ಕಟ್ ಮಾಡಿದ್ದು ಕನ್ನಡಕದ ವಿಚಾರಕ್ಕೆ.

ಅತ್ತೆ ಹೋದ ತಿಂಗಳು ಊರಿಗೆ ಹೋದ್ರು. ಸೂಟ್‌ಕೇಸ್ ತೂಕ ಹಾಕಿದಾಗ 23 ಕೆಜಿಗೆ ಇನ್ನೂ ಅರ್ಧ ಕೆಜಿ ಜಾಗ ಉಳಿದಿತ್ತು, ಬಾದಾಮಿ ಪ್ಯಾಕೆಟ್ ಇಡ್ಲಾ ಅಂದೆ, "ಬಾದಾಮಿ ತೀರ್ಥಹಳ್ಳೀಲೂ ಸಿಗತ್ತೆ" ಅಂದು ಕಿಟಕಿ ಕಡೆ ನೋಡಿದ್ರು. ಕಾಟನ್ ಸೀರೇಲಿ ಸುತ್ತಿ ಡಬ್ಬಿ ಕೊಟ್ಟೆ, ರೀಲು ಹತ್ತು ಅವ್ರೇ ಆರ್ಸಿಕೊಂಡ್ರು, ಮರದೊಳಗೆ ಕಾರು ಬರೋದು ಮೊದಲು. ಈಗ ಪಕ್ಕದ ಮನೆ ಮಕ್ಕಳನ್ನ ಲೈನಲ್ಲಿ ನಿಲ್ಸಿ ಒಂದೊಂದೇ ಸುತ್ತು ತೋರಿಸ್ತಾರಂತೆ. ಇಲ್ಲಿ ನನ್ನ ಹತ್ರ 31 ಒಳ್ಳೇ ರೀಲು ಇದೆ, ನೋಡೋಕೆ ಡಬ್ಬಿ ಇಲ್ಲ. ಪೋರ್ಟ್‌ಲ್ಯಾಂಡ್ ಕಡೆ ಯಾರಾದ್ರೂ ಮಾಡೆಲ್ ಸಿ 15 ಡಾಲರ್ ಒಳಗೆ ನೋಡಿದ್ರೆ ಹೇಳಿ, ಕಪ್ಪು ಆದ್ರೂ ಆಯ್ತು, ಕಂದು ಆದ್ರೂ ಆಯ್ತು, ಲಿವರ್ ಒಂದು ಸರಿಯಾಗಿರ್ಲಿ.