ಟ್ಯಾಂಕು ಮುಂದಾ, ಹಿಂದಾ, ಸೀಟಿನ ಕೆಳಗಾ? ನಾಲ್ಕು ಹಳೇ ಗಾಡಿಗಳ ಹೋಲಿಕೆ

ಹಳೇ ಕಾರು ಕೊಳ್ಳಲು ಹೊರಟವರು ಇಂಜಿನ್ ಶಬ್ದ ಕೇಳುತ್ತಾರೆ, ತುಕ್ಕು ಹುಡುಕುತ್ತಾರೆ, ಆರ್‌ಸಿ ಸರಿಯಿದೆಯಾ ಅಂತ ವಿಚಾರಿಸುತ್ತಾರೆ. ಪೆಟ್ರೋಲ್ ಟ್ಯಾಂಕು ಎಲ್ಲಿದೆ ಅಂತ ಕೇಳುವವರು ಕಡಿಮೆ. ಮೈಸೂರಿನಲ್ಲಿ ಹಳೇ ಗಾಡಿ ಸಾಕುವ ಗೆಳೆಯರಿಗೆ ಬರವಿಲ್ಲ. ಅವರ ದಯೆಯಿಂದ ಫೋರ್ಡ್ ಮಾಡೆಲ್ ಎ, ಯುದ್ಧಕಾಲದ ವಿಲ್ಲೀಸ್ ಜೀಪು, ಫೋಕ್ಸ್‌ವ್ಯಾಗನ್ ಬೀಟಲ್, ಅಂಬಾಸಿಡರ್ ನಾಲ್ಕನ್ನೂ ಚಾಮುಂಡಿ ಬೆಟ್ಟ ಹತ್ತಿಸಿದ್ದೇನೆ, ಮಂಡ್ಯದವರೆಗೂ ಓಡಿಸಿದ್ದೇನೆ. ನಾಲ್ಕರಲ್ಲೂ ಟ್ಯಾಂಕು ನಾಲ್ಕು ಕಡೆ. ಗುದ್ದಿದರೆ ಏನು ಗತಿ ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ನನ್ನ ಪ್ರಶ್ನೆ ಬೇರೆ. ಎಲ್ಲೋ ಒಂದು ಪೈಪು ಬಿಟ್ಟುಕೊಂಡರೆ ಪೆಟ್ರೋಲ್ ತಾನಾಗಿ ನಿಲ್ಲುತ್ತದಾ, ಇಲ್ಲ ಸುರಿಯುತ್ತಲೇ ಇರುತ್ತದಾ?

ಮೊದಲು ಫೋರ್ಡ್. 1928ರಿಂದ 1931ರವರೆಗೆ ಬಂದ ಈ ಗಾಡಿಯಲ್ಲಿ ಟ್ಯಾಂಕು ಇರುವುದು ನಿಮ್ಮ ಮೊಣಕಾಲಿನ ಎದುರಿಗೆ, ಡ್ಯಾಶ್‌ಬೋರ್ಡಿನ ಜಾಗದಲ್ಲೇ. ಮುಚ್ಚಳ ಮುಂದಿನ ಗಾಜಿನ ಬುಡದಲ್ಲಿದೆ. ಗೇಜಿಗೆ ತಂತಿಯಿಲ್ಲ. ಅದನ್ನು ನೇರವಾಗಿ ಟ್ಯಾಂಕಿಗೇ ಕೂರಿಸಿದ್ದಾರೆ. ಒಳಗೊಂದು ಕಾರ್ಕ್ ತೇಲುತ್ತದೆ, ಅದು ಏರಿಳಿದಂತೆ ಕಿಂಡಿಯಲ್ಲಿ ಅಂಕಿ ತಿರುಗುತ್ತದೆ. ನೋಡಲು ಬಲು ಚಂದ. ಆದರೆ ಅದರ ಗ್ಯಾಸ್ಕೆಟ್ ಹಳೆಯದಾದರೆ ಪೆಟ್ರೋಲ್ ನೇರ ತೊಡೆ ಮೇಲೆ ತೊಟ್ಟಿಕ್ಕುತ್ತದೆ.

ಇದರಲ್ಲಿ ಪಂಪೇ ಇಲ್ಲ. ಪೆಟ್ರೋಲ್ ಮೇಲಿನಿಂದ ಕೆಳಗೆ ತಾನಾಗಿ ಇಳಿಯುತ್ತದೆ. ಹಾಗಾಗಿ ಬೆಟ್ಟದ ತಿರುವುಗಳಲ್ಲಿ ಒಮ್ಮೆಯೂ ಕೆಮ್ಮಲಿಲ್ಲ. ಇದರ ಅಣ್ಣ ಮಾಡೆಲ್ ಟಿ ಹಾಗಲ್ಲ. ಅದರ ಟ್ಯಾಂಕು ಮುಂದಿನ ಸೀಟಿನ ಕೆಳಗೆ. ಪೆಟ್ರೋಲ್ ಕಡಿಮೆಯಿದ್ದಾಗ ಕಡಿದಾದ ಏರು ಬಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರಿಗೆ ಹನಿಯೂ ತಲುಪುತ್ತಿರಲಿಲ್ಲ. ಆಗಿನವರು ಗಾಡಿ ತಿರುಗಿಸಿ ರಿವರ್ಸ್‌ನಲ್ಲೇ ಗುಡ್ಡ ಹತ್ತುತ್ತಿದ್ದರು.

ಪೆಟ್ರೋಲ್ ತಾನಾಗಿ ಇಳಿಯುವುದು ಎಷ್ಟು ಅನುಕೂಲವೋ ಅಷ್ಟೇ ಅಪಾಯ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ತಡೆಯುವ ಸೂಜಿಗೆ ಕಸ ಸಿಕ್ಕಿಕೊಂಡರೆ, ಇಂಜಿನ್ ಆಫ್ ಆಗಿದ್ದರೂ ಟ್ಯಾಂಕು ಬರಿದಾಗುವವರೆಗೆ ಸುರಿಯುತ್ತದೆ. ಅದಕ್ಕೇ ಡ್ಯಾಶ್ ಕೆಳಗೆ ಪೆಟ್ರೋಲ್ ನಿಲ್ಲಿಸುವ ಒಂದು ಕಾಕ್ ಇದೆ. ಗಾಡಿ ನಿಲ್ಲಿಸಿದ ಕೂಡಲೇ ಅದನ್ನು ತಿರುಗಿಸಲೇಬೇಕು. ನನ್ನ ಗೆಳೆಯ ಕೀಲಿ ತೆಗೆಯುವ ಮೊದಲೇ ಕಾಕ್ ಮುಚ್ಚುತ್ತಾನೆ. ಪೈಪಿನಲ್ಲಿ ಉಳಿದದ್ದು ಉರಿದು ಇಂಜಿನ್ ತಾನೇ ನಿಲ್ಲಲಿ ಅಂತ ಕಾಯುತ್ತಾನೆ. ಇನ್ನೊಂದು ವಿಷಯ. ಈ ಟ್ಯಾಂಕಿನ ನೆತ್ತಿ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ. 10 ಡಿಗ್ರಿ ಬಿಸಿ ಏರಿದರೆ ಪೆಟ್ರೋಲ್ ಶೇ 1ರಷ್ಟು ಉಬ್ಬುತ್ತದೆ. ಸುಮಾರು 38 ಲೀಟರಿನ ಟ್ಯಾಂಕನ್ನು ಬೆಳಿಗ್ಗೆ ಕಂಠಮಟ್ಟ ತುಂಬಿಸಿ, ಮಧ್ಯಾಹ್ನ ಅರಮನೆ ಎದುರು ಬಿಸಿಲಿಗೆ ನಿಲ್ಲಿಸಿದರೆ ಅರ್ಧ ಮುಕ್ಕಾಲು ಲೀಟರ್ ಹೊರಗೆ ದಾರಿ ಹುಡುಕುತ್ತದೆ.

ಜೀಪಿನದು ಇನ್ನೂ ಮಜಾ. 1941ರಿಂದ 45ರ ನಡುವಿನ ವಿಲ್ಲೀಸ್‌ನಲ್ಲಿ ಟ್ಯಾಂಕು ಡ್ರೈವರ್ ಸೀಟಿನ ಅಡಿಗೇ ಇದೆ. ಬಂಕಿನಲ್ಲಿ ನೀವು ಇಳಿಯಬೇಕು, ದಿಂಬು ಎತ್ತಬೇಕು, ಹುಡುಗ ನೀವು ಕೂತಿದ್ದ ಜಾಗಕ್ಕೇ ನಾಝಲ್ ಇಡುತ್ತಾನೆ. ಮೊದಲ ಸಲ ನೋಡಿದ ಹುಡುಗನ ಮುಖ ನೋಡಬೇಕು! ಚೆಲ್ಲಿದ್ದು ಆರುವವರೆಗೆ ನಾನು ಕೂರುವುದಿಲ್ಲ. ಪಂಪಿಗೆ ಸುತ್ತಿಕೊಂಡಿರುವ ಬೈಕಿನವರು ಸುಮ್ನೆ ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಕೇಳಲು ಭಯವಾದರೂ ಜಾಗ ಅಷ್ಟು ಕೆಟ್ಟದ್ದಲ್ಲ. ಮುಂದಿನಿಂದ ಗುದ್ದಿದರೂ ಹಿಂದಿನಿಂದ ಗುದ್ದಿದರೂ ಟ್ಯಾಂಕು ದೂರವೇ. ಪಕ್ಕದಿಂದ ಬಿದ್ದ ಪೆಟ್ಟಿಗೆ ಮಾತ್ರ ದೇವರೇ ಗತಿ.

ಬೀಟಲ್‌ನಲ್ಲಿ ಇಂಜಿನ್ ಹಿಂದೆ, ಟ್ಯಾಂಕು ಮುಂದೆ, ನಿಮ್ಮ ಪಾದದ ಆಚೆಗೆ. ಎದುರಿನಿಂದ ಗುದ್ದಿದರೆ ಅಂತ ಎಲ್ಲರೂ ಹೆದರುತ್ತಾರೆ. ಆದರೆ ಬೀಟಲ್‌ಗೆ ಬೆಂಕಿ ಬೀಳುವುದು ಹೆಚ್ಚಾಗಿ ಹಿಂದೆ. ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಗೇಣುದ್ದದ ಬಟ್ಟೆ ಸುತ್ತಿದ ಹೋಸ್ ಒಣಗಿ ಬಿರಿಯುತ್ತದೆ. ಇಲ್ಲವೇ ಕಾರ್ಬುರೇಟರಿನ ಹಿತ್ತಾಳೆ ಮೂತಿ ಸಡಿಲವಾಗಿ ಕಳಚಿಕೊಳ್ಳುತ್ತದೆ. ಪಕ್ಕದಲ್ಲೇ ಕಿಡಿ ಹಾರಿಸುವ ಡಿಸ್ಟ್ರಿಬ್ಯೂಟರ್. ಇಂಜಿನ್ನಿನ ಹೊರಕವಚ ಮೆಗ್ನೀಸಿಯಮ್ ಮಿಶ್ರಲೋಹ, ಅದು ಹತ್ತಿಕೊಂಡರೆ ನೀರು ಸುರಿದಷ್ಟೂ ಜಾಸ್ತಿ ಉರಿಯುತ್ತದೆ.

ಅಂಬಾಸಿಡರ್ ಟ್ಯಾಂಕು ಡಿಕ್ಕಿಯ ತಳದಲ್ಲಿದೆ, ಕಾರ್ಬುರೇಟರಿಗಿಂತ ಕೆಳಗೆ. ಪೆಟ್ರೋಲನ್ನು ಮೇಲಕ್ಕೆಳೆಯುವುದು ಇಂಜಿನ್ನಿಗೆ ಕೂರಿಸಿದ, ಇಂಜಿನ್ನೇ ಓಡಿಸುವ ಎಸಿ ಪಂಪು (ಎಸಿ ಅನ್ನೋದು ಕಂಪನಿ ಹೆಸರು). ಇಂಜಿನ್ ನಿಂತರೆ ಪಂಪೂ ನಿಂತಿತು, ಮುಂದಿನ ಹೋಸ್ ಬಿಟ್ಟುಕೊಂಡರೂ ಸುರಿಯುವುದು ಒಂದಿಷ್ಟೇ. ನನ್ನ ಲೆಕ್ಕದಲ್ಲಿ ಗೆದ್ದದ್ದು ಇದೇ. ಇದೇ ಕಾಲದ ಮಾರಿಸ್ ಮೈನರ್‌ಗೂ ಟ್ಯಾಂಕು ಹಿಂದೆಯೇ, ಆದರೆ ಅದರದ್ದು ಕರೆಂಟ್ ಪಂಪು. ಹೋಸ್ ಬಿಟ್ಟುಕೊಂಡರೆ, ಇಂಜಿನ್ ನಿಂತರೂ ಕೀಲಿ ಆನ್ ಇರುವಷ್ಟು ಹೊತ್ತು ಟಿಕ್ ಟಿಕ್ ಅಂತ ತಳ್ಳುತ್ತಲೇ ಇರುತ್ತದೆ.

ಎಸಿ ಪಂಪಿಗೂ ಒಂದು ಕಾಟವಿದೆ. ಏಪ್ರಿಲ್ ಮಧ್ಯಾಹ್ನ ಬೆಟ್ಟ ಹತ್ತುವಾಗ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಕಾಲು ಗಂಟೆ ಊರು ನೋಡುತ್ತಾ ನಿಂತರೆ ಮತ್ತೆ ಹೊರಡುತ್ತದೆ.

ಹಿಂದಿನ ಟ್ಯಾಂಕಿನ ಭಯ ಬೇರೆ ಥರದ್ದು. ಅಮೆರಿಕದ ಫೋರ್ಡ್ ಪಿಂಟೋ ನೆನಪಿರಬಹುದು. ಬಂಪರಿಗೂ ಹಿಂದಿನ ಆಕ್ಸಲ್‌ಗೂ ನಡುವೆ ಟ್ಯಾಂಕು ಇಟ್ಟಿದ್ದರು. ಹಿಂದಿನಿಂದ ಗುದ್ದಿದರೆ ಅದು ಮುಂದಕ್ಕೆ ಸರಿದು ಆಕ್ಸಲ್ ನಡುವಿನ ಗೇರು ಡಬ್ಬಿಯ (ಡಿಫರೆನ್ಷಿಯಲ್) ಬೋಲ್ಟಿಗೆ ತಗುಲಿ ತೂತಾಗುತ್ತಿತ್ತು. 1978ರಲ್ಲಿ ಸುಮಾರು 15 ಲಕ್ಷ ಗಾಡಿಗಳನ್ನು ವಾಪಸ್ ಕರೆಸಿದರು. ಹೀಗಾಗಿ ಅಂಬಾಸಿಡರ್ ತೆಗೆದುಕೊಂಡು ನಾನು ಬೆಂಗಳೂರು-ಮೈಸೂರು ದಶಪಥಕ್ಕೆ ಇಳಿಯುವುದಿಲ್ಲ. ಅಲ್ಲಿ ನೂರರಲ್ಲಿ ಬರುವವನಿಗೆ ಅರವತ್ತರಲ್ಲಿ ಹೋಗುವ ಹಳೇ ಗಾಡಿ ನಿಂತ ಗಾಡಿ ಇದ್ದ ಹಾಗೆ, ಅಲ್ವಾ? ಶ್ರೀರಂಗಪಟ್ಟಣದ ಊರೊಳಗಿನ ಹಳೇ ರಸ್ತೆಯೇ ವಾಸಿ. ಫೋರ್ಡ್‌ಗೆ ಹೆದರಿಕೆ ತಿರುವುಮುರುವು. ಮಂಡ್ಯದ ಕಡೆ ರಾತ್ರಿ ಹೊತ್ತು ಹಿಂದೆ ಲೈಟಿಲ್ಲದೆ ಹೋಗುವ ಕಬ್ಬಿನ ಟ್ರಾಕ್ಟರ್ ಕಂಡರೆ, ಎದುರಿಗಿರುವ 38 ಲೀಟರ್ ನೆನಪಾಗುತ್ತದೆ. ಕತ್ತಲಾದ ಮೇಲೆ ಅದನ್ನು ತೆಗೆಯುವುದೇ ಇಲ್ಲ.

ಅದೇ ಕಬ್ಬಿನಿಂದ ಎಥನಾಲ್ ಕೂಡ ಬರುತ್ತದೆ. ಈಗ ಬಂಕಿನಲ್ಲಿ ಸಿಗುವ ಇ20ಯಲ್ಲಿ ಅದು ಶೇ 20ರವರೆಗೆ ಇರುತ್ತದೆ. ಹಳೇ ರಬ್ಬರ್ ಅದಕ್ಕೆ ಉಬ್ಬುತ್ತದೆ, ಮೆತ್ತಗಾಗುತ್ತದೆ, ಬಿರಿಯುತ್ತದೆ. ಫೋರ್ಡ್‌ನ ಕಾರ್ಕಿಗೆ ಬಳಿದ ಅರಗಿನ ಲೇಪ ಕರಗಿ, ಕಾರ್ಕು ನೆನೆದು ಮುಳುಗುತ್ತದೆ. ಆಮೇಲೆ ಗೇಜು ಸುಳ್ಳು ಹೇಳುತ್ತದೆ. ಹಾಗಾಗಿ ನಾಲ್ಕೂ ಗಾಡಿಯ ಒಡೆಯರಿಗೆ ನಾನು ಹೇಳಿದ್ದು ಒಂದೇ: ಎಥನಾಲ್ ತಡೆಯುವ ಹೋಸ್ ಹಾಕಿಸಿ, ಸೋರಿದ ಕಡೆ ಬಾರ್ ಸೋಪು ಮೆತ್ತಿ ವರ್ಷಗಟ್ಟಲೆ ಓಡಿಸಬೇಡಿ, ಸೀಟಿನ ಪಕ್ಕ ಬೆಂಕಿ ಆರಿಸುವ ಒಂದು ಪುಡಿಯ ಸಿಲಿಂಡರ್ ಇಡಿ. ಮೂವರು ಹೋಸ್ ಬದಲಿಸಿದ್ದಾರೆ. ಜೀಪಿನವರಿನ್ನೂ ಸೋಪನ್ನೇ ನಂಬಿದ್ದಾರೆ.